ಒಂದು ಹಾಳೆ, ಎರಡು ಸರ್ಕಾರ: ದಿಲ್ಲಿ–ಬೆಂಗಳೂರು ಚಾರ್ಟ್ ಮಾಡುವುದು ಹೀಗೆ

ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದುತ್ತಿರುವ ಅಕ್ಕನ ಮಗಳು ಕಳೆದ ವಾರ ಒಂದು ಚಾರ್ಟ್ ತಂದು ತೋರಿಸಿದಳು. ಎಡಕ್ಕೆ ರಾಷ್ಟ್ರಪತಿ, ಬಲಕ್ಕೆ ರಾಜ್ಯಪಾಲ, ನಡುವೆ ಸಮ ಚಿಹ್ನೆ. ಅದರ ಕೆಳಗೆ ಪ್ರಧಾನಿಗೆ ಮುಖ್ಯಮಂತ್ರಿ ಸಮ, ರಾಜ್ಯಸಭೆಗೆ ವಿಧಾನ ಪರಿಷತ್ ಸಮ. "ಮಾಮ, ಇಷ್ಟೇ ಅಲ್ವಾ?" ಅಂದಳು.

ಎರಡೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿವೆ, ನಿಜ. ಆದರೆ ಪರೀಕ್ಷೆಯಲ್ಲಿ ಪ್ರಶ್ನೆ ಬರುವುದು, ಪೇಪರಿನಲ್ಲಿ ಸುದ್ದಿಯಾಗುವುದು ಅಚ್ಚು ಎಲ್ಲಿ ತಪ್ಪಿದೆಯೋ ಅಲ್ಲಿಂದ. ಹಾಗಾಗಿ ಹೊಸ ಹಾಳೆ ತೆಗೆದುಕೊಂಡು ಮತ್ತೆ ಬರೆದೆವು. ಒಂದು ಕಪ್ಪು ಪೆನ್ನು, ಒಂದು ಕೆಂಪು ಪೆನ್ನು ಇದ್ದರೆ ಸಾಕು.

1. ಕಪ್ಪು ಪೆನ್ನಿನಲ್ಲಿ ಜೋಡಿ ಬರೆಯಿರಿ

ಹಾಳೆಯನ್ನು ಉದ್ದಕ್ಕೆ ಮಡಚಿ. ಎಡಕ್ಕೆ ದಿಲ್ಲಿ, ಬಲಕ್ಕೆ ಬೆಂಗಳೂರು. ಲೋಕಸಭೆಗೆ 543 ಸ್ಥಾನ, ವಿಧಾನಸಭೆಗೆ 224. ರಾಜ್ಯಸಭೆಗೆ 245, ವಿಧಾನ ಪರಿಷತ್ತಿಗೆ 75. ಕರ್ನಾಟಕದಿಂದ ಲೋಕಸಭೆಗೆ 28 ಜನ, ರಾಜ್ಯಸಭೆಗೆ 12 ಜನ ಹೋಗುತ್ತಾರೆ.

ಎರಡೂ ಕಡೆ ಸರ್ಕಾರ ನಿಲ್ಲುವುದು ಕೆಳಮನೆಯ ಬಹುಮತದ ಮೇಲೆ. ಮಂತ್ರಿಗಳ ಸಂಖ್ಯೆಯೂ ಎರಡೂ ಕಡೆ ಕೆಳಮನೆಯ ನೂರಕ್ಕೆ 15ರಷ್ಟನ್ನು ಮೀರುವಂತಿಲ್ಲ. 2003ರ ತಿದ್ದುಪಡಿಯಿಂದ ಬಂದ ಮಿತಿ ಇದು. ನಮ್ಮಲ್ಲಿ ಲೆಕ್ಕ 33.6 ಬರುತ್ತದೆ, ಅದನ್ನು ಮುಖ್ಯಮಂತ್ರಿಯೂ ಸೇರಿ 34 ಎಂದು ಹಿಡಿಯುತ್ತಾರೆ. ಸಂಪುಟ ವಿಸ್ತರಣೆ ಹೊತ್ತಿಗೆ ಅಷ್ಟೊಂದು ಮುನಿಸು ಏಕೆ ಅಂತ ಈಗ ಗೊತ್ತಾಯಿತಲ್ಲ!

2. ಮೇಲಿನ ಸಾಲಿಗೆ ಕೆಂಪು ಬಾಣ

ರಾಷ್ಟ್ರಪತಿಯನ್ನು ಆರಿಸುತ್ತಾರೆ, ರಾಜ್ಯಪಾಲರನ್ನು ನೇಮಿಸುತ್ತಾರೆ. ಸಮ ಚಿಹ್ನೆ ಮೊದಲು ಬಿದ್ದುಹೋಗುವುದು ಇಲ್ಲೇ.

ರಾಷ್ಟ್ರಪತಿ ಚುನಾವಣೆಯಲ್ಲಿ ಆಯ್ಕೆಯಾದ ಸಂಸದರ ಜೊತೆ ನಮ್ಮ ಶಾಸಕರೂ ಮತ ಹಾಕುತ್ತಾರೆ. ಒಬ್ಬ ಶಾಸಕರ ಮತದ ಬೆಲೆ ಎಷ್ಟು? ಹಾಳೆಯ ಮೂಲೆಯಲ್ಲಿ ಲೆಕ್ಕ ಹಾಕಿ. 1971ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 2,92,99,014. ಅದನ್ನು 224ರಿಂದ ಭಾಗಿಸಿ, ಬಂದಿದ್ದನ್ನು ಮತ್ತೆ 1000ದಿಂದ ಭಾಗಿಸಿ. 130.8 ಬರುತ್ತದೆ, ಅಂದರೆ 131. ಉತ್ತರ ಪ್ರದೇಶದ ಶಾಸಕರದ್ದು 208. ಪರಿಷತ್ ಸದಸ್ಯರಿಗೆ ಇಲ್ಲಿ ಮತವೇ ಇಲ್ಲ. ನಮ್ಮ ಹುಡುಗಿ ಅವರನ್ನೂ ಸೇರಿಸಿಬಿಟ್ಟಿದ್ದಳು.

ಈಗ ಬಲದಿಂದ ಎಡಕ್ಕೆ ಒಂದು ಬಾಣ ಎಳೆಯಿರಿ, ಅದು ವಿಧಾನಸಭೆಯಿಂದ ರಾಷ್ಟ್ರಪತಿ ಭವನಕ್ಕೆ. ಎಡದಿಂದ ಬಲಕ್ಕೆ ಇನ್ನೊಂದು, ಅದು ರಾಷ್ಟ್ರಪತಿ ಭವನದಿಂದ ರಾಜಭವನಕ್ಕೆ. ರಾಜ್ಯಪಾಲರನ್ನು ಬದಲಿಸುವುದೂ ದಿಲ್ಲಿಯೇ. ರಾಷ್ಟ್ರಪತಿಯನ್ನು ಮಹಾಭಿಯೋಗದಿಂದ ಇಳಿಸಲು ಸಂಸತ್ತಿಗೆ ದಾರಿ ಇದೆ. ರಾಜ್ಯಪಾಲರ ವಿಷಯದಲ್ಲಿ ವಿಧಾನಸಭೆಗೆ ಅಂಥ ದಾರಿ ಇಲ್ಲ.

ಉಪರಾಷ್ಟ್ರಪತಿಯ ಎದುರಿಗೆ ಬರೆಯಲು ಬಲಗಡೆ ಯಾರೂ ಸಿಗುವುದಿಲ್ಲ. ಅಲ್ಲಿ ರಾಜ್ಯಸಭೆಯ ಸಭಾಪತಿ ಅವರೇ. ಪರಿಷತ್ತು ತನ್ನ ಸಭಾಪತಿಯನ್ನು ತಾನೇ ಆರಿಸಿಕೊಳ್ಳುತ್ತದೆ.

3. ಮೇಲ್ಮನೆಗೆ ಜಾಸ್ತಿ ಜಾಗ ಬಿಡಿ

ರಾಜ್ಯಸಭೆಗೆ 12 ಜನರನ್ನು ರಾಷ್ಟ್ರಪತಿ ನಾಮಕರಣ ಮಾಡುತ್ತಾರೆ. ಉಳಿದವರಲ್ಲಿ ಹೆಚ್ಚುಕಡಿಮೆ ಎಲ್ಲರನ್ನೂ ಆರಿಸುವುದು ರಾಜ್ಯಗಳ ಶಾಸಕರು. ನಮ್ಮ ಪರಿಷತ್ತು ಹಾಗಲ್ಲ, ಅದು ಬಿಸಿಬೇಳೆ ಬಾತು. ಶಾಸಕರು ಆರಿಸುವವರು 25, ಪಂಚಾಯಿತಿ–ನಗರಸಭೆಗಳಂಥ ಸ್ಥಳೀಯ ಸಂಸ್ಥೆಗಳಿಂದ ಬರುವವರು 25, ಪದವೀಧರರಿಂದ 7, ಶಿಕ್ಷಕರಿಂದ 7, ರಾಜ್ಯಪಾಲರು ನಾಮಕರಣ ಮಾಡುವವರು 11. ಕೂಡಿ ನೋಡಿ, 75 ಸರಿಯಾಗುತ್ತದೆ. ಪದವಿ ಮುಗಿಸಿ ಮೂರು ವರ್ಷವಾಗಿದ್ದರೆ ನೀವೂ ಪದವೀಧರರ ಕ್ಷೇತ್ರದ ಮತದಾರರಾಗಬಹುದು. ಪ್ರತ್ಯೇಕ ಅರ್ಜಿ ಕೊಡಬೇಕು, ಬಹಳ ಜನ ಸುಮ್ನೆ ಬಿಟ್ಟುಬಿಡುತ್ತಾರೆ.

ಇನ್ನು ನಾನೇ ಎಡವಿದ ಜಾಗ. ಓದುವ ದಿನಗಳಲ್ಲಿ "ಎರಡು ಸದನಗಳಿಗೆ ಒಪ್ಪಿಗೆಯಾಗದಿದ್ದರೆ ರಾಜ್ಯದಲ್ಲೂ ಜಂಟಿ ಅಧಿವೇಶನ" ಎಂದು ಬರೆದು ಅಂಕ ಕಳೆದುಕೊಂಡಿದ್ದೆ. ತಪ್ಪಿನ ಮೂಲ ಪೇಪರು! "ಜಂಟಿ ಅಧಿವೇಶನ ಉದ್ದೇಶಿಸಿ ರಾಜ್ಯಪಾಲರ ಭಾಷಣ" ಎಂದು ವರ್ಷವರ್ಷ ಓದುತ್ತೇವಲ್ಲ. ಅದು ಭಾಷಣ ಕೇಳಲಿಕ್ಕೆ ಅಷ್ಟೆ. ಮಸೂದೆಯ ಜಗಳ ಬಗೆಹರಿಸಲು ಜಂಟಿ ಅಧಿವೇಶನ ಇರುವುದು ದಿಲ್ಲಿಯಲ್ಲಿ ಮಾತ್ರ. ಅದೂ ಈವರೆಗೆ ಮೂರೇ ಸಲ: 1961ರ ವರದಕ್ಷಿಣೆ ನಿಷೇಧ ಮಸೂದೆ, 1978ರ ಬ್ಯಾಂಕಿಂಗ್ ಸೇವಾ ಆಯೋಗದ ರದ್ದತಿ, 2002ರ ಭಯೋತ್ಪಾದನೆ ತಡೆ ಮಸೂದೆ (ಪೋಟಾ).

ಇಲ್ಲಿ ವಿಧಾನಸಭೆ ಕಳಿಸಿದ ಮಸೂದೆಯನ್ನು ಪರಿಷತ್ತು ಮೂರು ತಿಂಗಳು ಇಟ್ಟುಕೊಳ್ಳಬಹುದು. ಸಭೆ ಮತ್ತೆ ಒಪ್ಪಿ ಕಳಿಸಿದರೆ ಇನ್ನೊಂದು ತಿಂಗಳು. ಆಮೇಲೆ ಪರಿಷತ್ತು ಬೇಡ ಅಂದರೂ ಅದು ಪಾಸಾದಂತೆಯೇ. ಹಣಕಾಸು ಮಸೂದೆಗೆ ಮಾತ್ರ ದಿಲ್ಲಿ, ಬೆಂಗಳೂರು ಎರಡೂ ಕಡೆ 14 ದಿನ.

ರಾಜ್ಯಸಭೆಯನ್ನು ವಿಸರ್ಜಿಸುವಂತಿಲ್ಲ. ಪರಿಷತ್ತನ್ನೂ ವಿಸರ್ಜಿಸುವಂತಿಲ್ಲ, ಆದರೆ ಅದನ್ನೇ ರದ್ದು ಮಾಡಬಹುದು. ವಿಧಾನಸಭೆ ವಿಶೇಷ ಬಹುಮತದಿಂದ ಕೇಳಿದರೆ ಸಂಸತ್ತು ಕಾನೂನು ಮಾಡುತ್ತದೆ. ಆಂಧ್ರದಲ್ಲಿ 1985ರಲ್ಲಿ ಹೋದದ್ದು 2007ರಲ್ಲಿ ಮರಳಿ ಬಂತು. ತಮಿಳುನಾಡಿನಲ್ಲಿ 1986ರಲ್ಲಿ ಹೋದದ್ದು ಬರಲೇ ಇಲ್ಲ.

4. ನಡುವಿನ ಗೆರೆ ಎಲ್ಲಿ ಅಳಿಸಬೇಕು?

ಕೋರ್ಟಿನ ಸಾಲಿನಲ್ಲಿ ಅಳಿಸಿ. ತಾಲ್ಲೂಕು ಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಒಂದೇ ಏಣಿ. ನಮ್ಮ ಹೈಕೋರ್ಟ್ ಬೆಂಗಳೂರಿನ ಜೊತೆ ಧಾರವಾಡ, ಕಲಬುರಗಿಯಲ್ಲೂ ಕೂರುತ್ತದೆ. ಅದರ ನ್ಯಾಯಮೂರ್ತಿಗಳನ್ನು ನೇಮಿಸುವುದು ರಾಷ್ಟ್ರಪತಿ.

ರಾಷ್ಟ್ರಪತಿ ಆಳ್ವಿಕೆ ತರುವ ಸಂವಿಧಾನದ 356ನೇ ವಿಧಿಗೆ ಒಂದು ದಪ್ಪ ಬಾಣ ಎಳೆಯಿರಿ, ಎಡದಿಂದ ಬಲಕ್ಕೆ ಮಾತ್ರ. ದಿಲ್ಲಿ ರಾಜ್ಯ ಸರ್ಕಾರವನ್ನು ಕೆಳಗಿಳಿಸಬಹುದು, ರಾಜ್ಯಕ್ಕೆ ತಿರುಗಿ ಹಾಗೆ ಮಾಡಲಾಗದು. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರ ಹೋದದ್ದು ಹೀಗೆಯೇ. ಅವರು ಕೋರ್ಟಿಗೆ ಹೋದರು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲೇ ತೀರ್ಮಾನವಾಗಬೇಕು ಎಂದಿತು. ಈ ಬಾಣದ ಪಕ್ಕ ಅವರ ಹೆಸರು ಬರೆದಿಡಿ.

5. ಕೆಲಸ ಯಾರದ್ದು?

ಕೆಳಗೆ ಉಳಿದ ಜಾಗದಲ್ಲಿ ಮೂರು ಪಟ್ಟಿ. ರೈಲು, ಅಂಚೆ, ಪಾಸ್‌ಪೋರ್ಟ್ ಕೇಂದ್ರಕ್ಕೆ. ಪೊಲೀಸ್, ಜಮೀನು, ಸರ್ಕಾರಿ ಆಸ್ಪತ್ರೆ ರಾಜ್ಯಕ್ಕೆ. ಶಿಕ್ಷಣ, ಅರಣ್ಯ ಇಬ್ಬರಿಗೂ. ಇವೆರಡೂ 1976ರ 42ನೇ ತಿದ್ದುಪಡಿಗೆ ಮೊದಲು ರಾಜ್ಯದ ಪಟ್ಟಿಯಲ್ಲಿದ್ದವು.

ಮೊನ್ನೆ ಊರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಅವಳಿಗೆ ಕಿಲೋಮೀಟರ್ ಕಲ್ಲು ತೋರಿಸಿದೆ. ತುಮಕೂರಿನ ಹೆದ್ದಾರಿಯಲ್ಲಿ ಕಲ್ಲಿನ ತಲೆಗೆ ಹಳದಿ ಬಣ್ಣ, ಅಂದರೆ ರಾಷ್ಟ್ರೀಯ ಹೆದ್ದಾರಿ. ಮುಂದೆ ಬಸ್ಸು ಎಡಕ್ಕೆ ತಿರುಗಿದ ಮೇಲೆ ಹಸಿರು ತಲೆಯ ಕಲ್ಲು ಬಂತು. ಒಂದು ದೊಡ್ಡ ಗುಂಡಿಗೆ ಚಕ್ರ ಇಳಿದು ಎಲ್ಲರೂ ಎಗರಿ ಬಿದ್ದೆವು. ಅವಳು ಸೀಟು ಹಿಡಿದುಕೊಂಡೇ ಹೇಳಿದಳು: "ಬಲಗಡೆ ಕಾಲಂ, ಮಾಮ. ಲೋಕೋಪಯೋಗಿ ಇಲಾಖೆ."