ಮ್ಯಾಗ್ನೆಟ್ ಇಲ್ಲದ ಉಡುಪಿಯಲ್ಲಿ ಸಾಲಿಡ್ ಸ್ಟೇಟ್ ಎನ್‌ಎಂಆರ್ ಮೀಟಿಂಗ್: ನನ್ನ ಅನುಭವ

"ಮ್ಯಾಗ್ನೆಟ್ಟೇ ಇಲ್ಲದೆ ಎನ್‌ಎಂಆರ್ ಮೀಟಿಂಗಾ? ಮದುಮಗ ಇಲ್ಲದ ದಿಬ್ಬಣ ಅದು" ಅಂತ ನಮ್ಮ ವಿಭಾಗದ ಹಿರಿಯರೊಬ್ಬರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಹೇಳಿದರು. 2023ರ ಮಾತು. ಘನ ಪುಡಿಯನ್ನು ದೊಡ್ಡ ಮ್ಯಾಗ್ನೆಟ್ಟಿನೊಳಗೆ ಗಾಳಿಯಿಂದ ಜೋರಾಗಿ ತಿರುಗಿಸಿ, ರೇಡಿಯೋ ಅಲೆಗಳಿಂದ ಅದರ ಅಣುರಚನೆ ಓದುವ ವಿದ್ಯೆ ಈ ಸಾಲಿಡ್ ಸ್ಟೇಟ್ ಎನ್‌ಎಂಆರ್. 2025ರ ಫೆಬ್ರವರಿಯಲ್ಲಿ ದಿಬ್ಬಣ ಹೊರಟಿತು. 46 ಜನ ಬಂದರು. ಆ ಹಿರಿಯರೂ ಬಂದರು, ಬನ್ಸ್ ಎರಡು ಸಲ ಹಾಕಿಸಿಕೊಂಡರು.

ನಮ್ಮ ಕರಾವಳಿಯ ಮಕ್ಕಳ ಪಾಡು ನಿಮಗೆ ಗೊತ್ತಿದ್ದದ್ದೇ. ಪುಡಿಯನ್ನು ಕವರಿಗೆ ಹಾಕಿ ಬೆಂಗಳೂರಿಗೆ ಕಳಿಸುತ್ತಾರೆ. ತಿಂಗಳು ಕಳೆದು ಪಿಡಿಎಫ್ ಬರುತ್ತದೆ. ಅದನ್ನು ಥೀಸಿಸ್‌ಗೆ ಅಂಟಿಸುತ್ತಾರೆ. ಪುಡಿ ತುಂಬಿ ತಿರುಗಿಸುವ ಪುಟ್ಟ ಕೊಳವೆ, ಅಂದರೆ ರೋಟರ್, ಕಪ್ಪೋ ಬಿಳುಪೋ, ಯಾರೂ ನೋಡಿರುವುದಿಲ್ಲ. ತಿರುಗುವುದರಿಂದ ಹುಟ್ಟುವ ಹುಸಿ ಪೀಕಿಗೆ, ಅಂದರೆ ಸೈಡ್‌ಬ್ಯಾಂಡ್‌ಗೆ, ಒಂದು ಕಾರ್ಬನ್ನಿನ ಹೆಸರು ಕೊಟ್ಟದ್ದನ್ನು ನಾನೇ ಎರಡು ವೈವಾದಲ್ಲಿ ಕಂಡಿದ್ದೇನೆ. ಹಾಗಾಗಿ ನನ್ನ ಲೆಕ್ಕ ಸರಳ ಇತ್ತು. ಪ್ರತಿಯೊಬ್ಬರೂ ತಮ್ಮ ಸ್ಯಾಂಪಲ್ ಮೊದಲೇ ಕಳಿಸಬೇಕು. ಅದರ ಎಫ್‌ಐಡಿ, ಅಂದರೆ ಮಷೀನಿನಿಂದ ಬಂದ ಕಚ್ಚಾ ಸಿಗ್ನಲ್, ಹಾಗೇ ಅವರ ಕೈಗೆ ಸಿಗಬೇಕು, ಪಿಡಿಎಫ್ ಅಲ್ಲ. ಮತ್ತೆ ರೋಟರ್ ಒಂದು ಅವರ ಕಣ್ಣೆದುರೇ ತಿರುಗಬೇಕು. ಇಷ್ಟಕ್ಕೆ ಮ್ಯಾಗ್ನೆಟ್ ಊರಲ್ಲೇ ಇರಬೇಕು ಅಂತ ಏನೂ ಇಲ್ಲ ಅಲ್ವಾ?

ಮೊದಲ ಸಲ ಮುಗ್ಗರಿಸಿದ್ದು ದಿನಾಂಕದಲ್ಲಿ. 2024ರ ಜನವರಿ 18, 19 ಅಂತ ಇಟ್ಟೆ. ಅತಿಥಿಗಳಿಬ್ಬರು ಒಪ್ಪಿದರು. ಅಡುಗೆಯ ಭಟ್ಟರ ಹತ್ತಿರ ಹೋಗಿ, "ಭಟ್ರೇ, 18ಕ್ಕೆ 50 ಊಟ" ಅಂದೆ. ಅವರು ನನ್ನ ಮುಖವನ್ನೇ ನೋಡಿದರು. "ಎಂತ ಸಾರ್, ಹುಷಾರಿದ್ದೀರಲ್ಲ? ಆವತ್ತು ಪರ್ಯಾಯ." ಉಡುಪಿಯಲ್ಲೇ ಹುಟ್ಟಿ ಬೆಳೆದವನು ನಾನು. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಕೃಷ್ಣ ಮಠದ ಪೂಜೆ ಅಷ್ಟಮಠಗಳಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ, ಜೋಡುಕಟ್ಟೆಯಿಂದ ಬೆಳಗಿನ ಜಾವ ಮೆರವಣಿಗೆ ಬರುತ್ತದೆ ಅಂತ ನನಗೆ ಇನ್ನೊಬ್ಬರು ಹೇಳಬೇಕಾ? ಊರಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಇನ್ನು ರೂಮೆಲ್ಲಿಂದ. ಲಾಡ್ಜಿನವನಿಗೆ ಕೊಟ್ಟ ಮುಂಗಡದಲ್ಲಿ 6 ಸಾವಿರ ಹೋಯಿತು. ಹೆಂಡತಿ ಇವತ್ತಿಗೂ ಅದನ್ನು ಎತ್ತುತ್ತಾಳೆ.

ಆಮೇಲೆ ಗಾಳಿಯ ಕಥೆ. ಇದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ಎಲ್ಲರೂ ಕೇಳುವುದು ಇದನ್ನೇ.

ಕಾಯಿಲ್ ಸುಟ್ಟುಹೋದ ಹಳೇ ಪ್ರೋಬ್ ಒಂದು, ಅಂದರೆ ಮ್ಯಾಗ್ನೆಟ್ಟಿನೊಳಗೆ 7 ಮಿಲಿಮೀಟರ್ ದಪ್ಪದ ರೋಟರನ್ನು ಹಿಡಿಯುವ ಸಾಧನ, ಗೆಳೆಯರ ಲ್ಯಾಬಿನ ಕಪಾಟಿನಲ್ಲಿ ಬಿದ್ದಿತ್ತು. ರೋಟರನ್ನು ಗಾಳಿಯಲ್ಲಿ ತೇಲಿಸಿ ತಿರುಗಿಸುವ ಅದರ ಸ್ಟೇಟರ್ ಸರಿಯಾಗಿತ್ತು. ಅದನ್ನೂ ಮೂರು ಹಳೇ ಜಿರ್ಕೋನಿಯಾ ರೋಟರನ್ನೂ ಕೊರಿಯರ್ ಮಾಡಿಸಿಕೊಂಡೆ. ಖರ್ಚು 300 ರೂಪಾಯಿ. ಹೊಸ ರೋಟರಿನ ಬೆಲೆ ನಿಮಗೆ ಗೊತ್ತು, ಅದನ್ನು ಕೇಳಿದರೆ ನಮ್ಮ ಅಕೌಂಟ್ಸ್ ವಿಭಾಗದವರು ನೀರು ಕುಡಿಯುತ್ತಾರೆ. ಸ್ಟೇಟರನ್ನು ಮರದ ಹಲಗೆಗೆ ಕೂರಿಸಿ, ಸುತ್ತ ಕಬ್ಬಿಣದ ಜಾಲರಿ, ಮುಂದೆ ದಪ್ಪ ಅಕ್ರಿಲಿಕ್ ಹಾಳೆ ಇಟ್ಟೆ. ಇನ್ನು ಗಾಳಿ ಬೇಕು.

ಆಗಸ್ಟ್. ಹೊರಗೆ ಜಡಿಮಳೆ. ನಮ್ಮ ಬೀದಿಯ ಪಂಕ್ಚರ್ ಅಂಗಡಿಯ ಕಂಪ್ರೆಸರನ್ನು ಒಂದು ಭಾನುವಾರಕ್ಕೆ 500 ಕೊಟ್ಟು ತಂದೆ. ಅಂಗಡಿಯವನು ಹೇಳಿಯೇ ಇದ್ದ, "ಸಾರ್, ಇದರಲ್ಲಿ ಎಣ್ಣೆ ಬರ್ತದೆ, ನೀರೂ ಬರ್ತದೆ." ಫಿಲ್ಟರ್ ಇದ್ದರೆ ಸಾಕು ಅಂದುಕೊಂಡೆ. ರೋಟರ್ ಎದ್ದಿತು, 1 ಕಿಲೋಹರ್ಟ್ಜ್ (ಸೆಕೆಂಡಿಗೆ ಸಾವಿರ ಸುತ್ತು) ಹತ್ತಿರ ಹೋಯಿತು, ಗೊರಗೊರ ಅಂದಿತು, ನಿಂತಿತು. ತೆಗೆದು ನೋಡಿದರೆ ರೋಟರನ್ನು ತೇಲಿಸುವ ಗಾಳಿ ಬರುವ ಬೇರಿಂಗ್ ತೂತುಗಳಲ್ಲಿ ಎಣ್ಣೆಯ ಹನಿ. ತೊಳೆದು ಮತ್ತೆ ಹಾಕಿದೆ. ಈ ಸಲ ರೋಟರಿನ ತುದಿಯ ರೆಕ್ಕೆಯ ಮುಚ್ಚಳ (ಕ್ಯಾಪ್) ಹಾರಿ ಜಾಲರಿಗೆ ಬಡಿಯಿತು, ರೋಟರ್ ಎರಡು ತುಂಡು. ಒಂದು ಹೋಯಿತು.

ಒಣಗಿಸಲು ಮನೆಯ ನೀರಿನ ಫಿಲ್ಟರಿನ ಪ್ಲಾಸ್ಟಿಕ್ ಕೊಳವೆಗೆ ನೀಲಿ ಸಿಲಿಕಾ ಜೆಲ್ ತುಂಬಿದೆ. ಇದನ್ನು ದಯವಿಟ್ಟು ಯಾರೂ ಮಾಡಬೇಡಿ. ಅದು ನೀರಿನ ಒತ್ತಡಕ್ಕೆ ಮಾಡಿದ್ದು. ಗಾಳಿ ತುಂಬಿಕೊಂಡು ಒಡೆದರೆ ಬಾಂಬೇ. ನನ್ನದು ಬರೀ ಬಿರುಕು ಬಿಟ್ಟಿತು, ಪುಣ್ಯ. ಆಮೇಲೆ ಶಿವಳ್ಳಿ ಕೈಗಾರಿಕಾ ಪ್ರದೇಶದ ಲೇತ್ ಶಾಪಿನಲ್ಲಿ ಸ್ಟೀಲಿನ ಕೊಳವೆ ಮಾಡಿಸಿ, ನೀರು ತುಂಬಿ ಒತ್ತಡ ಪರೀಕ್ಷೆ ಮಾಡಿಸಿಯೇ ತಂದೆ. 4 ಸಾವಿರದ ಚಿಲ್ಲರೆ. ಜೆಲ್ ಮಾತ್ರ ಮಧ್ಯಾಹ್ನದೊಳಗೆ ಗುಲಾಬಿ ಆಗುತ್ತಿತ್ತು. ಓವನ್ನಿನಲ್ಲಿ 120 ಡಿಗ್ರಿಗೆ ಇಟ್ಟು ನೀಲಿ ಮಾಡುವುದು, ಸಂಜೆಗೆ ಮತ್ತೆ ಗುಲಾಬಿ. ಉಡುಪಿಯ ಮಳೆಗಾಲದ ಗಾಳಿಯನ್ನು ಒಣಗಿಸುತ್ತೇನೆ ಅಂತ ಹೊರಟ ನನ್ನದೇ ತಪ್ಪು.

ದಾರಿ ಸಿಕ್ಕಿದ್ದು ಹಲ್ಲುನೋವಿನಿಂದ. ದವಡೆ ಹಲ್ಲಿಗೆ ರೂಟ್ ಕೆನಾಲ್ ಅಂತ ಹೋಗಿ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದೇನೆ, ಡ್ರಿಲ್ಲಿನ ಸ್ವರ ಕಿವಿಗೆ ಬಿತ್ತು. ಇದು ನಮ್ಮ ಸ್ವರ! ಗಾಳಿಯಿಂದ ತಿರುಗುವ ಟರ್ಬೈನ್, ನಿಮಿಷಕ್ಕೆ 3ರಿಂದ 4 ಲಕ್ಷ ಸುತ್ತು. ಅಂದರೆ ಸೆಕೆಂಡಿಗೆ 5ರಿಂದ ಆರೂವರೆ ಸಾವಿರ. ಬಾಯಿಗೆ ಹತ್ತಿ ತುರುಕಿದ್ದರಿಂದ ಆಗ ಹೇಳಲಾಗಲಿಲ್ಲ. ಮುಗಿದ ಮೇಲೆ ಮೊಬೈಲಿನಲ್ಲಿದ್ದ ಸ್ಟೇಟರಿನ ಫೋಟೋ ತೋರಿಸಿದೆ. ಡಾಕ್ಟರು ಒಂದೇ ನೋಟಕ್ಕೆ, "ಎಂತ ಮಾರಾಯ್ರೆ, ಇದು ನಮ್ಮ ಹ್ಯಾಂಡ್‌ಪೀಸೇ ಅಲ್ವಾ, ಸ್ವಲ್ಪ ದಪ್ಪ ಅಷ್ಟೇ" ಅಂದರು. ನನ್ನ ವಿಭಾಗದವರಿಗೆ ಆರು ತಿಂಗಳು ವಿವರಿಸಿದರೂ ಅರ್ಥ ಆಗದ್ದು ಅವರಿಗೆ ಒಂದು ಫೋಟೋದಲ್ಲಿ ಆಯಿತು. ದಂತವೈದ್ಯರ ಕಂಪ್ರೆಸರಿನಲ್ಲಿ ಸಾಮಾನ್ಯವಾಗಿ ಎಣ್ಣೆ ಇರುವುದಿಲ್ಲ, ಗಾಳಿ ರೋಗಿಯ ಬಾಯಿಗೇ ಹೋಗುತ್ತದಲ್ಲ. ಕೆಲವದರಲ್ಲಿ ಒಣಗಿಸುವ ವ್ಯವಸ್ಥೆಯೂ ಇರುತ್ತದೆ. ಅವರಲ್ಲಿ ಒಂದು ಹೆಚ್ಚುವರಿ ಇತ್ತು, ಭಾನುವಾರಗಳಿಗೆ ಕೊಟ್ಟರು. ಬಾಡಿಗೆ ತಗೊಳ್ಳಲಿಲ್ಲ. ರೂಟ್ ಕೆನಾಲಿನ ದುಡ್ಡು ಮಾತ್ರ ಪೂರ್ತಿ ತಗೊಂಡರು.

ಅದರ ಮುಂದೆ ನನ್ನ ಸ್ಟೀಲ್ ಕೊಳವೆ ಸೇರಿಸಿದೆ. ಬೇರಿಂಗಿಗೆ 2 ಬಾರ್ ಹತ್ತಿರ, ತಿರುಗಿಸುವ ಗಾಳಿಗೆ, ಅಂದರೆ ಡ್ರೈವಿಗೆ, ಅದಕ್ಕಿಂತ ಕಡಿಮೆ. ರೋಟರ್ ಸುಮ್ನೆ ಎದ್ದು ನಿಂತಿತು. ಹತ್ತು-ಹನ್ನೆರಡು ನಿಮಿಷ ತಿರುಗಿಸಿದರೆ ಕಂಪ್ರೆಸರಿಗೆ ಐದು ನಿಮಿಷ ವಿಶ್ರಾಂತಿ ಬೇಕು, ಅಷ್ಟೇ.

ವೇಗ ಅಳೆಯುವ ಆಪ್ಟಿಕಲ್ ಭಾಗ ಪ್ರೋಬಿನಲ್ಲಿ ಸತ್ತಿತ್ತು. ಅದಕ್ಕೆ ಮೊಬೈಲಿನ ಮೈಕ್. ಸ್ವರದ ಗ್ರಾಫ್ ತೋರಿಸುವ ಉಚಿತ ಆ್ಯಪ್ ಹಾಕಿಕೊಂಡರೆ ರೋಟರಿನ ಶಿಳ್ಳೆ ಚೂಪು ಗೆರೆಯಾಗಿ ಕಾಣುತ್ತದೆ. ಕ್ಯಾಪಿನ ರೆಕ್ಕೆಗಳಿಂದ ಮೇಲಿನ ಗೆರೆಗಳೂ ಬರುತ್ತವೆ, ನೀವು ಎಲ್ಲಕ್ಕಿಂತ ಕೆಳಗಿನದನ್ನು ನೋಡಿ. ಒಂದು ರಾತ್ರಿ 4.6 ಕಿಲೋಹರ್ಟ್ಜ್‌ನಲ್ಲಿ ಅದ್ಭುತ ಸ್ಥಿರ ಗೆರೆ. ಗಾಳಿ ಇಳಿಸಿದೆ, ಗೆರೆ ಹಾಗೇ ಇದೆ. ಕಂಪ್ರೆಸರೇ ಆರಿಸಿದೆ, ಆಗಲೂ ಇದೆ! ಕಿಟಕಿಯ ಹೊರಗಿನ ಜೀರುಂಡೆ ಅದು. ಆವತ್ತಿನಿಂದ ಕಿಟಕಿ ಮುಚ್ಚಿಯೇ ಅಳೆಯುತ್ತೇನೆ. ನಿಜವಾದ ರೋಟರ್ ಕೊನೆಗೆ ತಲುಪಿದ್ದು 4 ಕಿಲೋಹರ್ಟ್ಜ್, ನಿಮಿಷಕ್ಕೆ 2.4 ಲಕ್ಷ ಸುತ್ತು. ಎರಡನೇ ರೋಟರ್ ಅದಕ್ಕಿಂತ ಮೇಲೆ ಹೋಗುವ ಆಸೆಗೆ ಬಲಿಯಾಯಿತು.

ಕ್ಯಾಪುಗಳನ್ನು ಅದೇ ಲೇತ್ ಶಾಪಿನಲ್ಲಿ ಮಾಡಿಸಿದೆ. 12 ಮಾಡಿಸಿದರೆ 3 ಕೆಲಸ ಮಾಡಿದವು. ಯಾವ ಪ್ಲಾಸ್ಟಿಕ್, ಎಷ್ಟು ಬಿಗಿ ಅಂತ ಇಲ್ಲಿ ಬರೆಯುವುದಿಲ್ಲ. ಒಂಬತ್ತು ಹಾಳು ಮಾಡಿ ಕಲಿತದ್ದು, ನೀವೂ ನಾಲ್ಕು ಹಾಳು ಮಾಡಿ. ಮ್ಯಾಗ್ನೆಟ್ಟಿನೊಳಗೆ ಅವನ್ನು ಹಾಕಬೇಡಿ, ಅದು ಬೇರೆ ಮಾತು.

ಇನ್ನು ಸ್ಯಾಂಪಲ್. 22 ಬಂದವು. ಬೆಂಗಳೂರಿನ ಒಂದು ಕಡೆ ಸುಮಾರು 35 ಗಂಟೆ ಮಷೀನ್ ಸಮಯ ಕೊಂಡೆ, 4 ಮಿಲಿಮೀಟರ್ ಪ್ರೋಬಿನಲ್ಲಿ. ಅದರಲ್ಲಿ ಎರಡು ಗಂಟೆ ಬೇಕಂತಲೇ ಕೆಟ್ಟ ಡೇಟಾ ತೆಗೆಯಲು ಇಟ್ಟಿದ್ದೆ. ಕೆಬಿಆರ್ (ಪೊಟ್ಯಾಸಿಯಂ ಬ್ರೋಮೈಡ್) ಹಾಕಿ, ಮ್ಯಾಗ್ನೆಟ್ಟಿನ ದಿಕ್ಕಿಗೆ ರೋಟರ್ ಓರೆಯಾಗಿರಬೇಕಾದ ಕೋನವನ್ನು 54.7 ಡಿಗ್ರಿಯಿಂದ ಒಂಚೂರು ತಪ್ಪಿಸಿ ಒಂದು ಎಫ್‌ಐಡಿ, ಸರಿ ಮಾಡಿ ಇನ್ನೊಂದು. ಆಪರೇಟರ್ ನಕ್ಕರು. "ಸರಿ ಮಾಡಿಸಲು ದುಡ್ಡು ಕೊಡುವವರನ್ನು ಕಂಡಿದ್ದೇನೆ, ಕೆಡಿಸಲು ಕೊಡುವವರು ನೀವೇ ಮೊದಲು." ಆದರೆ ಇಡೀ ಮೀಟಿಂಗಿನಲ್ಲಿ ಜಾಸ್ತಿ ಪ್ರಶ್ನೆ ಬಂದದ್ದು ಆ ಎರಡು ಫೈಲಿಗೇ. ಸರಿ ಇದ್ದದ್ದರಲ್ಲಿ ಎಕೋಗಳು (ಪ್ರತಿ ಸುತ್ತಿಗೂ ಮರಳಿ ಬರುವ ಸಿಗ್ನಲ್) 10 ಮಿಲಿಸೆಕೆಂಡಿನವರೆಗೂ ಕಾಣುತ್ತವೆ, ತಪ್ಪಿದ್ದರಲ್ಲಿ ಎರಡು-ಮೂರಕ್ಕೇ ಸತ್ತುಹೋದವು.

ನಾನೇ ಪೇಚಿಗೆ ಸಿಕ್ಕಿದ್ದು ಗ್ಲೈಸಿನ್ ಅನ್ನುವ ಅಮೈನೋ ಆಮ್ಲದಲ್ಲಿ. ಅದರ ಹರಳಿಗೆ ಆಲ್ಫಾ, ಗಾಮಾ ಅಂತ ಬೇರೆ ಬೇರೆ ರೂಪಗಳಿವೆ. ಹೆಸರು ಬರೆಯದ ಮೂರು ಸ್ಪೆಕ್ಟ್ರಮ್ ಕೊಟ್ಟು ಯಾವುದು ಆಲ್ಫಾ, ಯಾವುದು ಗಾಮಾ ಅಂತ ಕೇಳುವುದು ಆಟ. ಕಾರ್ಬಾನಿಲ್ (C=O) ಕಾರ್ಬನ್ನಿನ ಪೀಕ್ ಆಲ್ಫಾದಲ್ಲಿ 176 ಪಿಪಿಎಂ (ಸ್ಪೆಕ್ಟ್ರಮ್ಮಿನಲ್ಲಿ ಪೀಕಿನ ಜಾಗದ ಅಳತೆ) ಆಸುಪಾಸು, ಗಾಮಾದಲ್ಲಿ ಸುಮಾರು 2 ಕಡಿಮೆ. ಗಾಮಾವನ್ನು ಉಪ್ಪು ಹಾಕಿದ ನೀರಿನಿಂದ ಹರಳು ಮಾಡಿ ನಾನೇ ತಯಾರಿಸಿದ್ದೆ, ಹೆಮ್ಮೆ ಇತ್ತು. ಮಂಗಳೂರಿನಿಂದ ಬಂದ ಒಬ್ಬಳು ಹುಡುಗಿ ಎದ್ದು, "ಸರ್, ನಿಮ್ಮ ಶುದ್ಧ ಆಲ್ಫಾದಲ್ಲೂ ಗಾಮಾ ಇದೆ" ಅಂದಳು. ನೋಡಿದರೆ ಇದೆ! ಮಳೆಗಾಲವಿಡೀ ಆ ಬಾಟಲಿಯ ಮುಚ್ಚಳ ಸಡಿಲ ಇತ್ತು. ತೇವ ತಗುಲಿದರೆ ಆಲ್ಫಾ ನಿಧಾನಕ್ಕೆ ಗಾಮಾ ಆಗುವುದುಂಟು. ಎಷ್ಟು ಪಾಲು ಅಂತ ಅವಳು ಎತ್ತರ ಅಳೆದು ಹೇಳಲು ಹೋದಾಗ, ರೀಸೈಕಲ್ ಡಿಲೇ (ಒಂದು ಅಳತೆಗೂ ಮುಂದಿನದಕ್ಕೂ ನಡುವೆ ಕಾಯುವ ಸಮಯ) ಎಷ್ಟಿತ್ತು ಅಂತ ಅತಿಥಿಗಳು ಕೇಳಿದರು. ಅದು ಸಾಲದಿದ್ದರೆ ಪೀಕಿನ ಎತ್ತರ ನಂಬುವ ಹಾಗಿಲ್ಲ. ಅಲ್ಲಿಂದ ಒಂದು ಗಂಟೆ ಚರ್ಚೆ. ನಾನು ತಯಾರಿಸಿದ್ದ ಉಪನ್ಯಾಸ ಬಿಟ್ಟೇಹೋಯಿತು, ಯಾರೂ ಅದನ್ನು ಕೇಳಲಿಲ್ಲ.

ನನ್ನದೇ ಒಂದು ಚಟದ ಪ್ರಯೋಗವೂ ನಡುವೆ ನುಗ್ಗಿತು. ಮಂಗಳೂರು ಹಂಚು. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಶುರು ಮಾಡಿದ ಕೆಲಸ, ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿಮಣ್ಣು. ಆ ಮಣ್ಣಿನ ಅಲ್ಯೂಮಿನಿಯಂ-27 ಸ್ಪೆಕ್ಟ್ರಮ್ ನೋಡುವ ಆಸೆ. ಮೊದಲು ಕಳಿಸಿದ್ದು ಕೆಂಪು ಮಣ್ಣು, ಅದು ಹಾಗೇ ವಾಪಸ್ ಬಂತು. "ಕಳಿಸುವ ಮೊದಲು ಅಯಸ್ಕಾಂತ ಹಿಡಿದು ನೋಡಿದ್ದೀರಾ?" ಅಂತ ಚೀಟಿ. ಫ್ರಿಜ್ಜಿನ ಅಯಸ್ಕಾಂತ ಹಿಡಿದೆ, ಮೀಸೆಯ ಹಾಗೆ ಕಣಗಳು ಎದ್ದು ನಿಂತವು. ಕಬ್ಬಿಣ ಇದ್ದರೆ ಸಿಗ್ನಲ್ ಕೆಡುತ್ತದೆ. ಕೆಂಪು ಮುರಕಲ್ಲಿನ ಊರಿನಲ್ಲಿ ಇದ್ದುಕೊಂಡು ಅದನ್ನೇ ಮರೆತಿದ್ದೆ. ಆಮೇಲೆ ಬಿಳಿ ಪದರದ ಮಣ್ಣು ಹುಡುಕಿ, ಅರ್ಧ ಹಸಿ, ಅರ್ಧ 700 ಡಿಗ್ರಿಗೆ ಸುಟ್ಟು ಕಳಿಸಿದೆ. ಹಸಿಯದರಲ್ಲಿ ಸೊನ್ನೆಯ ಹತ್ತಿರ ಒಂದೇ ಪೀಕ್, ಸುತ್ತ ಆರು ಆಮ್ಲಜನಕ ಇರುವ ಅಲ್ಯೂಮಿನಿಯಂ. ಸುಟ್ಟದ್ದರಲ್ಲಿ 60ರ ಹತ್ತಿರ ನಾಲ್ಕರದು, 30ರ ಹತ್ತಿರ ಐದರದು, ಸೊನ್ನೆಯಲ್ಲಿ ಉಳಿದದ್ದು. ಹಂಚಿನ ಗೂಡಿನಲ್ಲಿ ಆಗುವುದರ ನಡುಹಾದಿ ಅದು. ಇದನ್ನು ಗೋಡೆಗೆ ಹಾಕಿದಾಗ ನಮ್ಮ ಅಟೆಂಡರ್ ಬಂದು ನಿಂತು ನೋಡಿದ. ಅವನ ಅಜ್ಜ ಹಂಚಿನ ಕಾರ್ಖಾನೆಯಲ್ಲಿದ್ದವರಂತೆ.

ಅಡಿಕೆ ಸಿಪ್ಪೆಯನ್ನೂ ಹಾಕಿಸಿದೆ. ಕಾರ್ಬನ್-13ರಲ್ಲಿ ಸೆಲ್ಯುಲೋಸಿನ 105, ಲಿಗ್ನಿನ್ನಿನ ಮೆಥಾಕ್ಸಿ 56, ಎಲ್ಲ ಪುಸ್ತಕದ ಹಾಗೇ. ಹೊಸದೇನಿಲ್ಲ. ಆದರೆ ಆ ನಾರಿನ ಪುಡಿಯನ್ನು ಓಲಾಡದ ಹಾಗೆ ರೋಟರಿಗೆ ತುಂಬುವ ಒಂದು ಉಪಾಯ ಸಿಕ್ಕಿದೆ. ಅದು ಮುಂದಿನ ಪೇಪರಿಗೆ, ಕ್ಷಮಿಸಿ.

ಮೀಟಿಂಗಿನ ಎರಡು ದಿನ ಬೇಗ ಹೋಯಿತು. ಅತಿಥಿಯೊಬ್ಬರು 1958ರಲ್ಲಿ ಆಂಡ್ರೂ ಮತ್ತು ಜೊತೆಗಾರರು ಉಪ್ಪಿನ ಹರಳನ್ನು ತಿರುಗಿಸಿದ ಕಥೆಯಿಂದ ಶುರು ಮಾಡಿದರು, ಆಗಿನ ವೇಗ ಸೆಕೆಂಡಿಗೆ ಸಾವಿರ ಸುತ್ತೂ ಇರಲಿಲ್ಲ. ಶೇಫರ್ ಮತ್ತು ಸ್ಟೆಯ್ಸ್ಕಲ್ ಅದಕ್ಕೆ ಸಿಪಿ (ಹೈಡ್ರೋಜನ್ನಿನಿಂದ ಕಾರ್ಬನ್ನಿಗೆ ಸಿಗ್ನಲ್ಲಿನ ಬಲ ದಾಟಿಸುವ ತಂತ್ರ) ಸೇರಿಸಿದ್ದು 1976ರಲ್ಲಿ. ನಡುವಿನ 18 ವರ್ಷ ಎಲ್ಲರೂ ಏನು ಮಾಡುತ್ತಿದ್ದರು ಅಂತ ಒಬ್ಬ ಕೇಳಿದ. "ಗಾಳಿ ಒಣಗಿಸುತ್ತಿದ್ದರು" ಅಂದೆ. ನನ್ನ ಒಂದೇ ಜೋಕು, ನಗು ಬಂತು. ರೋಟರ್ 4 ಕಿಲೋಹರ್ಟ್ಜ್ ಮುಟ್ಟಿದಾಗ 46 ಮೊಬೈಲುಗಳು ಒಟ್ಟಿಗೆ ಮೇಲೆದ್ದವು. ಸಂಜೆ ರಥಬೀದಿಗೆ ಹೋದೆವು. ಕೃಷ್ಣ ಮಠದ ನವಗ್ರಹ ಕಿಂಡಿಯ ಎದುರು ನಿಂತು ಅತಿಥಿಗಳು ಒಂಬತ್ತು ತೂತು ಎಣಿಸಿದರು, ಸ್ಟೇಟರಿನ ತೂತಿನ ಸಂಖ್ಯೆ ಕೇಳಿದರು. ಈ ಜನ ಎಲ್ಲಿ ಹೋದರೂ ಹೀಗೇ.

ದುಡ್ಡು ನೆನಪಿನಿಂದ ಹೇಳುತ್ತೇನೆ. ವಿದ್ಯಾರ್ಥಿಗಳಿಗೆ 1000, ಉಳಿದವರಿಗೆ 2500 ಶುಲ್ಕ, ಒಟ್ಟು 71 ಸಾವಿರದ ಮೇಲೆ. ವಿಭಾಗದಿಂದ 50, ಕೆಮಿಕಲ್ ಅಂಗಡಿಯವರೊಬ್ಬರಿಂದ 15. ಹೋದದ್ದು ಊಟಕ್ಕೆ 54, ಅತಿಥಿಗಳ ಪ್ರಯಾಣ ಮತ್ತು ರೂಮಿಗೆ 38, ಮಷೀನ್ ಸಮಯಕ್ಕೆ 28, ಗಾಳಿಯ ಸಾಮಾನಿಗೆ 17, ಚಿಲ್ಲರೆಗೆ 9. ಒಂಬತ್ತೋ ಹತ್ತೋ ಸಾವಿರ ನನ್ನ ಜೇಬಿನಿಂದ, ಆ ಲಾಡ್ಜಿನ 6 ಬೇರೆ. ಬ್ಯಾಗ್, ಶಾಲು, ಸ್ಮರಣಿಕೆ ಯಾವುದೂ ಇಲ್ಲ. ಅತಿಥಿಗಳಿಗೆ ಒಂದೊಂದು ಚೀಲ ಮಟ್ಟುಗುಳ್ಳ ಬದನೆ ಕೊಟ್ಟೆವು, ಶಾಲಿಗಿಂತ ಹೆಚ್ಚು ಖುಷಿಪಟ್ಟರು.

ಸ್ಟೇಟರ್, ಸ್ಟೀಲ್ ಕೊಳವೆ, ಉಳಿದಿರುವ ಒಂದೇ ರೋಟರ್ ಈಗ ನನ್ನ ಕಪಾಟಿನಲ್ಲಿ ಬಿಸ್ಕತ್ತಿನ ಡಬ್ಬದಲ್ಲಿವೆ. ಮಂಗಳೂರು ಕಡೆಯ ಯಾರಾದರೂ ಮುಂದಿನ ಸಲ ಮಾಡುವುದಾದರೆ ಬಂದು ತಗೊಂಡು ಹೋಗಿ. ಕ್ಯಾಪ್ ನೀವೇ ಮಾಡಿಸಿಕೊಳ್ಳಬೇಕು, ಗುರುತಿನ ದಂತವೈದ್ಯರೊಬ್ಬರು ಇರಬೇಕು. ಮಳೆಗಾಲದಲ್ಲಿ ಮಾತ್ರ ಕೇಳಬೇಡಿ, ಕೊಡುವುದಿಲ್ಲ.