ಹೋತನ ಕೊಂಬಿನ ಹಿಂದಿನ ಚರ್ಮ: ನಾನೇ ಕೊಯ್ದು ನೋಡಿದ್ದು

ಕೊಟ್ಟಿಗೆಯಲ್ಲಿ ಹೋತವಿದೆಯೋ ಇಲ್ಲವೋ ಎಂದು ತಿಳಿಯಲು ಒಳಗೆ ಹೋಗಿ ನೋಡಬೇಕಾಗಿಲ್ಲ, ಗಾಳಿಯೇ ಹೇಳುತ್ತದೆ. ಆ ನಾತಕ್ಕೆ ಮೂತ್ರವೇ ಕಾರಣವೆಂದು ನಮ್ಮ ಕಡೆಯ ಆಡು ಸಾಕುವವರು ಸಾಮಾನ್ಯವಾಗಿ ನಂಬುತ್ತಾರೆ. ಬೆದೆಯ ಕಾಲದಲ್ಲಿ ಹೋತ ತನ್ನ ಗಡ್ಡಕ್ಕೂ ಮುಂಗಾಲುಗಳಿಗೂ ತಾನೇ ಮೂತ್ರ ಸಿಡಿಸಿಕೊಳ್ಳುವುದರಿಂದ ಆ ನಂಬಿಕೆ ಪೂರ್ತಿ ತಪ್ಪೂ ಅಲ್ಲ. ಆದರೆ ಕೈಗೆ ಅಂಟಿ ದಿನವಿಡೀ ಬಿಡದ ಕಮಟು ತಲೆಯ ಚರ್ಮದ್ದು, ಅಲ್ಲಿರುವ ಕೊಂಬಿನ ಗ್ರಂಥಿಯದ್ದು. ಅಂಗರಚನಾಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗಕ್ಕೆಂದು ಶಿವಮೊಗ್ಗದಲ್ಲಿದ್ದಾಗ ಆ ಚರ್ಮವನ್ನು ಸೂಕ್ಷ್ಮದರ್ಶಕದಡಿ ನೋಡಬೇಕೆಂದು ಹೊರಟೆ.

ಮೊದಲ ತೊಡಕು ಮಾದರಿಯದೇ ಆಯಿತು. ನಮ್ಮಲ್ಲಿ ತಲೆಕಾಲನ್ನು ಸುಟ್ಟು ಕೂದಲು ಹೆರೆದೇ ಮಾರುತ್ತಾರೆ; ಬೆಂಕಿ ತಾಗಿದ ಚರ್ಮ ಅಂಗಾಂಶದ ಅಧ್ಯಯನಕ್ಕೆ ಯಾವ ಉಪಯೋಗಕ್ಕೂ ಬಾರದು. ಹಾಗಾಗಿ ಬೆಳಗಿನ ಜಾವವೇ ಮಟನ್ ಅಂಗಡಿಗೆ ಹೋಗಿ, ಸುಡುವ ಮೊದಲೇ ಚರ್ಮದ ತುಂಡನ್ನು ಕೊಯ್ದುಕೊಳ್ಳಲು ಅನುಮತಿ ಕೇಳಿದೆ. ಅಂಗಡಿಯ ಹಿರಿಯರು ನಕ್ಕು, "ಡಾಕ್ಟ್ರೇ, ಮುಟ್ಟಿದ ಮೇಲೆ ಬರೀ ಸಾಬೂನು ಹಾಕಿದ್ರೆ ಹೋಗಲ್ಲ, ಮೊದ್ಲು ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ" ಎಂದರು. ಆ ವಾಸನೆ ನೀರಿನಲ್ಲಲ್ಲ, ಜಿಡ್ಡಿನಲ್ಲಿ ಕರಗುವಂಥದ್ದು ಎಂಬ ವಿಷಯವನ್ನು ಪ್ರಯೋಗಾಲಯಕ್ಕೆ ಕಾಲಿಡುವ ಮೊದಲೇ ಅವರು ಒಂದು ಮಾತಿನಲ್ಲಿ ಹೇಳಿಬಿಟ್ಟಿದ್ದರು.

ಎರಡನೆಯ ತಪ್ಪು ನನ್ನದೇ. ಕುರಿಗೆ ಕಣ್ಣಿನ ಮುಂದೆ ಒಂದು ಗುಳಿ, ತೊಡೆಸಂದಿನಲ್ಲಿ ಒಂದು ಚೀಲ, ಗೊರಸುಗಳ ನಡುವೆ ಇನ್ನೊಂದು ಚೀಲ ಇರುವುದನ್ನು ಓದಿದ್ದ ನಾನು ಹೋತನ ತಲೆಯಲ್ಲೂ ಅಂಥದೇ ಚೀಲವೊಂದನ್ನು ಹುಡುಕುತ್ತಿದ್ದೆ. ಆಡಿಗೆ ಕಣ್ಣಿನ ಮುಂದಿನ ಗುಳಿಯೂ ಇಲ್ಲ, ತೊಡೆಸಂದಿನ ಚೀಲವೂ ಇಲ್ಲ. ಬಾಲದ ಬುಡದ ಕೆಳಗೆ ವಾಸನೆಯ ಗ್ರಂಥಿಗಳುಂಟು, ಆದರೆ ನಾನು ಅರಸುತ್ತಿದ್ದದ್ದು ಕೊಂಬಿನ ಗ್ರಂಥಿಯನ್ನು. ಅದಕ್ಕೆ ಚೀಲವೂ ಇಲ್ಲ, ಸುತ್ತ ಪೊರೆಯೂ ಇಲ್ಲ, ಒಂದೇ ದೊಡ್ಡ ದ್ವಾರವೂ ಇಲ್ಲ. ಪ್ರತಿಯೊಂದು ಕೊಂಬಿನ ಬುಡದ ಹಿಂದೆ, ತಲೆಯ ನಡುಗೆರೆಯ ಕಡೆಗೆ ವಾಲಿಕೊಂಡು, ಬಿದಿಗೆಯ ಚಂದ್ರನಂತೆ ಬಾಗಿದ ಪಟ್ಟಿಯಲ್ಲಿ ಚರ್ಮವೇ ದಪ್ಪಗಾಗಿರುತ್ತದೆ. ಬೆದೆಗೆ ಬಂದ ಹೋತದಲ್ಲಿ ಅಲ್ಲಿ ಬೆರಳಾಡಿಸಿದರೆ ಮಡಿಕೆಗಳು ಸಿಗುತ್ತವೆ, ಕಂದು ಬಣ್ಣದ ಮೇಣದಂಥ ಜಿಡ್ಡು ಉಗುರಿಗೆ ಹತ್ತುತ್ತದೆ. ಇದು ತಿಳಿಯದೆ ಮೊದಲ ಎರಡು ತಲೆಗಳಲ್ಲಿ ಕೊಂಬಿನ ಮುಂಭಾಗದ ಚರ್ಮವನ್ನು ಕೊಯ್ದು ತಂದು ಎರಡು ವಾರ ಹಾಳು ಮಾಡಿಕೊಂಡೆ.

ಸರಿಯಾದ ತುಂಡು ಸಿಕ್ಕಿದ ಮೇಲೆ ಕೂದಲನ್ನು ಬ್ಲೇಡಿನಿಂದ ನುಣ್ಣಗೆ ತೆಗೆದು, ನಾಲ್ಕೈದು ಮಿಲಿಮೀಟರ್ ದಪ್ಪದ ಚೂರುಗಳನ್ನಾಗಿ ಮಾಡಿ, ಕೊಳೆಯದಂತೆ ಶೇಕಡಾ 10ರ ತಟಸ್ಥ ಫಾರ್ಮಲಿನ್‌ನಲ್ಲಿ ಹಾಕಿಟ್ಟೆ. ಅನಂತರ ಎಂದಿನ ದಾರಿ: ನೀರನ್ನು ತೆಗೆಯಲು ಆಲ್ಕೋಹಾಲ್, ಆ ಆಲ್ಕೋಹಾಲನ್ನು ತೆಗೆಯಲು ಕ್ಸೈಲೀನ್ ಎಂಬ ದ್ರಾವಕ, ಕೊನೆಗೆ ಚೂರನ್ನು ಗಟ್ಟಿಯಾಗಿ ಹಿಡಿದಿಡಲು ಪ್ಯಾರಾಫಿನ್ ಮೇಣ. ಚರ್ಮದ ಕೆಲಸದಲ್ಲಿ ನಿಜವಾದ ಜಾಣತನ ಬೇಕಾಗುವುದು ಚೂರನ್ನು ಮೇಣದಲ್ಲಿ ನಿಲ್ಲಿಸುವಾಗ. ಚೂರು ಮಲಗಿಬಿಟ್ಟರೆ, ತೆಳು ಪದರಗಳಾಗಿ ಕೊಯ್ಯುವ ಯಂತ್ರವಾದ ಮೈಕ್ರೋಟೋಮ್‌ನ ಅಲಗು ಚರ್ಮಕ್ಕೆ ಸಮಾನಾಂತರವಾಗಿ ಹಾಯುತ್ತದೆ, ಗ್ರಂಥಿಯ ತುಂಡುಗಳು ದ್ವೀಪಗಳಂತೆ ಬಿಡಿಬಿಡಿಯಾಗಿ ಕಾಣುತ್ತವೆ, ನಾಳ ಎಲ್ಲಿ ತೆರೆಯುತ್ತದೆ ಎಂಬುದು ಗೊತ್ತಾಗುವುದೇ ಇಲ್ಲ. ಅಂಚಿನ ಮೇಲೆ ನಿಲ್ಲಿಸಿ 5 ಮೈಕ್ರಾನ್‌ಗೆ ಕೊಯ್ದ ಮೇಲೆಯೇ ಚಿತ್ರ ಕೂಡಿಬಂತು.

ಹಿಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣ ಹಾಕಿ ನೋಡಿದಾಗ ಕಂಡದ್ದು ಹೊಸ ಅಂಗವಲ್ಲ, ಎಲ್ಲ ಕೂದಲಿನ ಪಕ್ಕದಲ್ಲೂ ಇರುವ, ಜಿಡ್ಡು ಸ್ರವಿಸುವ ಸೆಬೇಷಿಯಸ್ ಗ್ರಂಥಿಯೇ. ಆದರೆ ಬೇರೆಡೆ ಸಣ್ಣ ಮೊಗ್ಗಿನಂತಿರುವ ಗ್ರಂಥಿ ಇಲ್ಲಿ ತುಂಬಿದ ಗೊಂಚಲಾಗಿ ಒಳಚರ್ಮದ ಆಳಕ್ಕೆ ಇಳಿದಿತ್ತು. ಒಂದೊಂದು ಗೊಂಚಲಿನ ಅಂಚಿನಲ್ಲಿ ಚಪ್ಪಟೆಯಾದ, ಗಾಢವಾಗಿ ಬಣ್ಣ ಹಿಡಿದ ಕೋಶಗಳ ಸಾಲು. ವಿಭಜನೆಯಾಗಿ ಹೊಸ ಕೋಶಗಳನ್ನು ಕೊಡುವವು ಇವೇ. ಒಳಗೆ ಹೋದಂತೆ ಕೋಶಗಳು ಉಬ್ಬಿ ಬಹುಭುಜಾಕೃತಿ ತಾಳಿ, ಅವುಗಳ ತುಂಬ ನೊರೆಯಂಥ ಖಾಲಿ ಗುಳ್ಳೆಗಳು ಕಾಣುತ್ತವೆ. ನಾಳದ ಬಳಿ ಬಂದಾಗ ಕೋಶಕೇಂದ್ರ ಮುದುಡಿ ಕಪ್ಪು ಚುಕ್ಕೆಯಾಗಿ, ಕೊನೆಗೆ ಇಡೀ ಕೋಶವೇ ಒಡೆದು ಸ್ರಾವವಾಗುತ್ತದೆ. ಇಲ್ಲಿ ಕೋಶ ಜಿಡ್ಡನ್ನು ಹೊರಗೆ ಹಾಕುವುದಲ್ಲ, ತಾನೇ ಜಿಡ್ಡಾಗಿ ಹೋಗುತ್ತದೆ. ಆ ಗಿಡ್ಡ ನಾಳ ತೆರೆಯುವುದು ರೋಮಕೂಪದೊಳಕ್ಕೆ. ಕೂದಲಿನುದ್ದಕ್ಕೂ ಜಿಡ್ಡು ಏರಿ ಗಾಳಿಗೆ ಸೇರುವುದು ಹೀಗೆ. ಪಕ್ಕದಲ್ಲಿ ಸುರುಳಿಯಾಗಿ ಬಿದ್ದಿರುವ ಬೆವರಿನ ಕೊಳವೆಗಳೂ ಕಾಣುತ್ತವೆ, ಆದರೆ ಅವಕ್ಕೆ ನಡುವೆ ಟೊಳ್ಳಿರುವುದರಿಂದ ಎರಡನ್ನೂ ಬೆರೆಸಿಕೊಳ್ಳುವ ಭಯವಿಲ್ಲ.

ಆ ಖಾಲಿ ಗುಳ್ಳೆಗಳನ್ನು ಮೊದಲು ನಾನು ಸಂಸ್ಕರಣೆಯ ದೋಷವೆಂದು ಬಗೆದು ಚೂರು ಕೂರಿಸಿದ್ದ ಮೂರು ಮೇಣದ ಬ್ಲಾಕುಗಳನ್ನು ಎಸೆದೆ. ದೋಷವೇನೂ ಇರಲಿಲ್ಲ, ಆಲ್ಕೋಹಾಲ್ ಮತ್ತು ಕ್ಸೈಲೀನ್ ಕೊಬ್ಬನ್ನೆಲ್ಲ ಕರಗಿಸಿ ಒಯ್ದಿದ್ದವು, ಉಳಿದದ್ದು ಅದರ ಅಚ್ಚು ಮಾತ್ರ. ಅಂಗಡಿಯ ಹಿರಿಯರ ಎಣ್ಣೆಯ ಮಾತು ನೆನಪಾದದ್ದು ಆಗ. ಆಮೇಲೆ ಮೇಣವನ್ನು ಬಿಟ್ಟು, ಕೊರೆವ ಚಳಿಯಲ್ಲೇ ಕೊಯ್ಯುವ ಕ್ರಯೋಸ್ಟಾಟ್ ಯಂತ್ರದಲ್ಲಿ ಹೆಪ್ಪುಗಟ್ಟಿಸಿ ಕೊಯ್ದು, ಕೊಬ್ಬನ್ನು ಕೆಂಪಾಗಿಸುವ ಆಯಿಲ್ ರೆಡ್ ಓ ಬಣ್ಣ ಹಾಕಿದಾಗ, ಅದೇ ಗುಳ್ಳೆಗಳು ಕೆಂಪು ಹನಿಗಳಾಗಿ ತುಂಬಿ ನಿಂತವು.

ಹೋಲಿಕೆಗಾಗಿ ಹೆಣ್ಣಾಡಿನ ಮತ್ತು ಎಳೆಯದರಲ್ಲೇ ಬೀಜ ಒಡೆಸಿದ ಹೋತದ ಅದೇ ಜಾಗದ ಚರ್ಮವನ್ನೂ ನೋಡಿದೆ. ಎರಡರಲ್ಲೂ ಗ್ರಂಥಿಗಳಿದ್ದವು, ಆದರೆ ಕೂದಲಿನ ಬುಡಕ್ಕೆ ಅಂಟಿಕೊಂಡ ಸಣ್ಣ ಗೊಂಚಲುಗಳಷ್ಟೇ. ವೃಷಣದ ಹಾರ್ಮೋನಿನ ಮೇಲೆ ಈ ಬೆಳವಣಿಗೆ ನಿಂತಿದೆಯೆಂದು ಪಠ್ಯಗಳು ಹೇಳುವುದು ಕಣ್ಣಿಗೇ ಕಂಡಂತಾಯಿತು. ಜಪಾನಿನ ವಿಜ್ಞಾನಿಗಳು ಹೋತಗಳ ತಲೆಗೆ ಟೋಪಿಯಂಥದ್ದೊಂದನ್ನು ತೊಡಿಸಿ ಅಲ್ಲಿಂದ ಹೊಮ್ಮುವ ಆವಿಯನ್ನು ಹಿಡಿದು, ಅದರಲ್ಲಿನ 4-ಈಥೈಲ್‌ಆಕ್ಟನಾಲ್ ಎಂಬ ವಸ್ತು ಹೆಣ್ಣಾಡಿನ ಮೆದುಳಿನಲ್ಲಿ ಸಂತಾನೋತ್ಪತ್ತಿಯನ್ನು ನಡೆಸುವ ಕೇಂದ್ರವನ್ನು ಚುರುಕುಗೊಳಿಸುತ್ತದೆ ಎಂದು 2014ರಲ್ಲಿ ತೋರಿಸಿದರು. ಬೀಜ ಒಡೆಸಿದ ಹೋತಗಳಲ್ಲಿ ಅದು ಸಿಗಲಿಲ್ಲ. ಗಾಳಿ ತಾಗಿ ಆ ವಸ್ತು ಆಮ್ಲವಾಗಿ ಬದಲಾದಾಗ ಸಿಗುವುದೇ ನಾವು ಬಲ್ಲ ಹೋತನ ನಾತ.

ಮಲೆನಾಡಿನ ಮಳೆಗಾಲದಲ್ಲಿ ಈ ಕೆಲಸ ಮಾಡುವವರಿಗೆ ಒಂದು ಮಾತು. ಕೊಬ್ಬಿಗೆ ಬಣ್ಣ ಹಾಕಿದ ಸ್ಲೈಡುಗಳನ್ನು, ಗಾಜಿನ ಮುಚ್ಚಳ ಅಂಟಿಸಲು ಸಾಮಾನ್ಯವಾಗಿ ಬಳಸುವ ಡಿಪಿಎಕ್ಸ್ ಎಂಬ ಅಂಟಿನಲ್ಲಿ ಕೂರಿಸಿದರೆ ಅದರಲ್ಲಿನ ದ್ರಾವಕವೇ ಹನಿಗಳನ್ನು ತಿಂದುಹಾಕುತ್ತದೆಯಾದ್ದರಿಂದ ಗ್ಲಿಸರಿನ್ ಜೆಲ್ಲಿಯಲ್ಲಿ ಕೂರಿಸಬೇಕು. ಆ ಜೆಲ್ಲಿಯೋ ಜುಲೈ ತಿಂಗಳ ಥಂಡಿಗೆ ಬೂಷ್ಟು ಹಿಡಿಯಲು ಕಾದು ಕೂತಿರುತ್ತದೆ. ನಾನು ಬಣ್ಣ ಹಾಕಿದ ದಿನ ಸಂಜೆಯೇ ಫೋಟೋ ತೆಗೆದುಕೊಂಡಿದ್ದರಿಂದ ಬಚಾವಾದೆ. ಹದಿನೈದು ದಿನ ಬಿಟ್ಟು ಪೆಟ್ಟಿಗೆ ತೆರೆದಾಗ ಕೆಂಪು ಹನಿಗಳ ಮೇಲೆ ಬಿಳಿ ಎಳೆಗಳು ಹಬ್ಬಿದ್ದವು.