ಸತ್ತಿದೆ ಅಂದ ಕ್ಯಾಸೆಟ್ ಲೋಡ್ ಆಯ್ತು: ಬಗ್-ಬೈಟ್ ಟೇಪುಗಳ ಜತೆ ನನ್ನ ಅನುಭವ

ಹೋದ ಮಾರ್ಚಿನ ಒಂದು ಭಾನುವಾರ ರಾತ್ರಿ, ಇಂಗ್ಲೆಂಡಿನ ವಾರಿಂಗ್ಟನ್ನಿನ ನಮ್ಮ ಮನೆಯ ಹಿಂದಿನ ರೂಮಿನಲ್ಲಿ, ಹಳೇ ಟಿವಿಯ ಮೇಲೆ 'ಮ್ಯಾನಿಕ್' ಅಂತ ದಪ್ಪ ಅಕ್ಷರ ಬಂತು. ಕಣ್ಣು ಮಿಟುಕಿಸೋದರಲ್ಲಿ ಅದು ಹೋಗಿ 'ಮೈನರ್' ಬಂತು. ಮತ್ತೆ 'ಮ್ಯಾನಿಕ್'. ಆಟಗಳನ್ನು ಕ್ಯಾಸೆಟ್ಟಿನಿಂದ ಓದುತ್ತಿದ್ದ ಎಂಬತ್ತರ ದಶಕದ ಮನೆ ಕಂಪ್ಯೂಟರ್ ಸ್ಪೆಕ್ಟ್ರಮ್ ಬಳಸಿದವರಿಗೆ, ಮ್ಯಾನಿಕ್ ಮೈನರ್ ಆಟದ ಈ ಮಿನುಗು ಚೆನ್ನಾಗಿ ಗೊತ್ತು. ಮೂರು ನಿಮಿಷಕ್ಕೂ ಜಾಸ್ತಿ ಹೊತ್ತು ಕುರ್ಚಿಯಿಂದ ಅಲುಗಾಡದೆ ಕೂತಿದ್ದೆ. ಆಮೇಲೆ ಆಟ ಶುರುವಾಯ್ತು.

1983ರಲ್ಲಿ ಲಿವರ್‌ಪೂಲಿನ ಬಗ್-ಬೈಟ್ ಅನ್ನುವ ಕಂಪ್ಯೂಟರ್ ಆಟಗಳ ಕಂಪನಿ ಮಾರಿದ ಕ್ಯಾಸೆಟ್ ಅದು. ಯಾರದೋ ಅಟ್ಟದಲ್ಲಿ ತೇವ ಕುಡಿದು, ಬಿಳಿ ಬೂಷ್ಟು ಹಿಡಿದು ನನ್ನ ಕೈಗೆ ಬಂದಿತ್ತು. ಈ ಕೆಲಸ ಬಲ್ಲ ಮೂವರು ನೋಡಿ, ಇದರಲ್ಲಿ ಏನೂ ಉಳಿದಿಲ್ಲ, ಬಿಸಾಕಿ ಅಂದಿದ್ದರು. ದುಡ್ಡು ತಗೊಂಡು ಹಾಳಾದ ಟೇಪಿನಲ್ಲಿರೋದನ್ನು ಎತ್ತಿಕೊಡುವ ಒಂದು ಅಂಗಡಿಗೂ ಕಳಿಸಿದ್ದೆ. ಐದಾರು ಟೇಪಿಗೆ ಸುಮಾರು 120 ಪೌಂಡ್ ಹೋಯ್ತು. ಎರಡು ತಿಂಗಳಾದ ಮೇಲೆ 'ಖಾಲಿ' ಅಂತ ಚೀಟಿ ಅಂಟಿಸಿ ವಾಪಸ್ ಕಳಿಸಿದರು. ಅದರಲ್ಲೇ ಮೂರು ಟೇಪ್ ಈಗ ನನ್ನ ಹತ್ತಿರ ಪೂರ್ತಿ ಓದಿಸಿಕೊಂಡಿವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಆಟಗಳ ಕಾಪಿ ಎಲ್ಲಾ ಕಡೆ ಸಿಗುತ್ತೆ ಅಲ್ವಾ, ಇಷ್ಟು ಒದ್ದಾಟ ಯಾಕೆ ಅಂತ ಕೇಳುತ್ತಾರೆ. ಸಿಗುತ್ತೆ. ಆದರೆ ಅದು ಯಾವ ಟೇಪಿನಿಂದ ಬಂತು, ನಡುವೆ ಯಾರು ತಿದ್ದಿದರು, ಗೊತ್ತಾಗಲ್ಲ. ನನಗೆ ಬೇಕಾಗಿದ್ದು ಅಂಗಡಿಯಲ್ಲಿ ಮಾರಿದ ಟೇಪಿನ ಮೇಲೆ ನಿಜವಾಗಿ ಏನಿತ್ತು ಅನ್ನೋದು. ಬಗ್-ಬೈಟಿನಂಥ ಸಣ್ಣ ಕಂಪನಿಯ ಕಥೆಯಲ್ಲಿ ಒಳ್ಳೇ ಪಾಲು ಟೇಪಿನೊಳಗೇ ಇದೆ.

ಕಂಪನಿ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಆಕ್ಸ್‌ಫರ್ಡಿನಲ್ಲಿ ಕೆಮಿಸ್ಟ್ರಿ ಓದಿದ ಟೋನಿ ಬೇಡನ್, ಟೋನಿ ಮಿಲ್ನರ್ 1980ರಲ್ಲಿ ಶುರು ಮಾಡಿದ್ದು. ಆಫೀಸು ಓಲ್ಡ್ ಹಾಲ್ ಸ್ಟ್ರೀಟಿನ ಆಲ್ಬನಿ ಕಟ್ಟಡದಲ್ಲಿತ್ತು. ಹತ್ತಿ ದಲ್ಲಾಳಿಗಳ ಕಾಲದಲ್ಲಿ, 1856ರಲ್ಲಿ ಕಟ್ಟಿದ್ದು. ಒಂದು ಶನಿವಾರ ಲೈಮ್ ಸ್ಟ್ರೀಟ್ ಸ್ಟೇಷನ್ನಿನಿಂದ ನಡೆದುಕೊಂಡೇ ಹೋಗಿ ನೋಡಿ ಬಂದೆ. ಈಗ ಅಲ್ಲಿ ಜನ ವಾಸ ಮಾಡುತ್ತಾರೆ. ಕಲ್ಲಿನ ಕೆತ್ತನೆಯ ಆ ಬಾಗಿಲ ಮುಂದೆ, ಇನ್ನೂ ಮೀಸೆ ಚಿಗುರದ ಹುಡುಗರು ಕ್ಯಾಸೆಟ್ ಹಿಡಿದು ಒಳಗೆ ಹೋಗ್ತಿದ್ದದ್ದನ್ನು ನೆನೆದು ಸುಮ್ನೆ ಹತ್ತು ನಿಮಿಷ ನಿಂತಿದ್ದೆ. ಅಲ್ಲಿದ್ದ ಮಾರ್ಕ್ ಬಟ್ಲರ್, ಡೇವ್ ಲಾಸನ್ ಹೊರಗೆ ಹೋಗಿ 1982ರಲ್ಲಿ ಇಮ್ಯಾಜಿನ್ ಅನ್ನುವ ತಮ್ಮದೇ ಆಟದ ಕಂಪನಿ ಕಟ್ಟಿದರು. ಅದು 1984ರಲ್ಲಿ ಮುಳುಗಿತು. ಬಗ್-ಬೈಟ್ 1985ರಲ್ಲಿ ಮುಚ್ಚಿತು, ಹೆಸರನ್ನು ಆರ್ಗಸ್ ಪ್ರೆಸ್ ಕೊಂಡುಕೊಂಡಿತು. ಬರೀ ಐದು ವರ್ಷದ ಆಟ.

ಇನ್ನು ಕೆಲಸದ ವಿಷಯ. ಟೇಪನ್ನು ಓದುವ ಹೆಡ್ ಪಕ್ಕದಲ್ಲಿ ಅದರ ಕೋನ ಬದಲಿಸುವ ಸಣ್ಣ ಸ್ಕ್ರೂ ಇರುತ್ತೆ, ಅದನ್ನು ತಿರುಗಿಸೋದು, ಸ್ಪಿರಿಟ್ಟಿನಲ್ಲಿ ಹೆಡ್ ಒರೆಸೋದು, ಡಾಲ್ಬಿ ಅನ್ನುವ ಗೊರಗೊರ ತಗ್ಗಿಸುವ ಸ್ವಿಚ್ ಆಫ್ ಮಾಡೋದು, ಇದೆಲ್ಲ ಎಲ್ಲರೂ ಮೊದಲು ಮಾಡೋದೇ. ಹರಾಜಿನಲ್ಲಿ ಒಟ್ಟಿಗೆ ಸುಮಾರು ಅರವತ್ತು ಟೇಪ್ ತಗೊಂಡಿದ್ದೆ, 85 ಪೌಂಡ್ ಇರಬೇಕು. ನಲವತ್ತರಷ್ಟು ಇಷ್ಟರಲ್ಲೇ ಓದಿಸಿಕೊಂಡವು. ಮಿಕ್ಕ ಇಪ್ಪತ್ತೇ ನನ್ನ ಎರಡು ಚಳಿಗಾಲ ತಿಂದಿದ್ದು.

ಮೊದಲ ಸೋಲು ಪ್ಯಾಡಿನದು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಫೆಲ್ಟಿನ ತುಂಡಿದೆಯಲ್ಲ, ಅದರ ಅಂಟು ಒಣಗಿ ಉದುರಿರುತ್ತೆ. ಕೆಲವು ಕ್ಯಾಸೆಟ್ಟಿಗೆ ಸ್ಕ್ರೂ ಇರಲ್ಲ, ಪ್ಲಾಸ್ಟಿಕ್ ಕರಗಿಸಿ ಅಂಟಿಸಿರುತ್ತಾರೆ. ಒಡೆಯಲೇಬೇಕು. ಮೊದಲನೇದನ್ನು ಒಡೆಯುವಾಗ ಚಾಕು ಜಾರಿ ಟೇಪಿನ ಸುರುಳಿಗೇ ತಾಗಿತು. ಒಂದು ಕಡೆ ಪೂರ್ತಿ ಹೋಯ್ತು. ಆಮೇಲೆ ಊರಿಗೆ ಹೋದಾಗ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಿ, ಐದು ಸ್ಕ್ರೂ ಇರುವ ಖಾಲಿ ಕ್ಯಾಸೆಟ್ಟಿನ ಹಳೇ ಸ್ಟಾಕ್ ಒಂದು ಡಬ್ಬ ತಂದೆ. ತಲಾ 20 ರೂಪಾಯಿ ಕೊಟ್ಟ ನೆನಪು. ಇಲ್ಲಿ ಅದೇ ಮಾಲಿಗೆ ಎರಡು ಮೂರು ಪೌಂಡ್ ಕೇಳುತ್ತಾರೆ. ಲಿವರ್‌ಪೂಲಿನ ಟೇಪುಗಳು ಈಗ ಎಸ್‌ಪಿ ರೋಡಿನ ಚಿಪ್ಪಿನೊಳಗೆ ತಿರುಗುತ್ತಿವೆ. ಪ್ಯಾಡ್, ರೋಲರ್ ಎಲ್ಲಾ ಗಟ್ಟಿಯಾಗಿವೆ.

ಬೂಷ್ಟಿಗೆ ಏನು ಹಚ್ಚಿದೆ ಅಂತ ಬಹಳ ಜನ ಕೇಳಿದ್ದಾರೆ. ಅದನ್ನು ಇಲ್ಲಿ ಬರೆಯಲ್ಲ. ಕೈ ಪಳಗದವರು ಮಾಡಿದರೆ ಟೇಪಿನ ಕಂದು ಲೇಪನವೇ ಎದ್ದುಬರುತ್ತೆ. ಒಣಗಿಸಿ ಒರೆಸಿ, ಒದ್ದೆ ಮಾಡಬೇಡಿ. ಇಷ್ಟು ಹೇಳಬಲ್ಲೆ.

ನಡುವೆ ಒಂದು ಪ್ರಯೋಗ ಮಾಡಿದೆ. ಸ್ಟುಡಿಯೋದ ದೊಡ್ಡ ರೀಲ್ ಟೇಪುಗಳನ್ನು ಹದವಾದ ಬಿಸಿಯಲ್ಲಿಟ್ಟು ಉಳಿಸುತ್ತಾರೆ ಅಂತ ಕೇಳಿದ್ದೆ. ಬೇಡದ ಒಂದು ಟೇಪನ್ನು 50 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟೆ. ಚಿಪ್ಪು ಸೊಟ್ಟಗಾಯ್ತು, ಸದ್ದಿನಲ್ಲಿ ಒಂದು ಚೂರೂ ವ್ಯತ್ಯಾಸ ಬರಲಿಲ್ಲ. ಆ ರೀಲುಗಳಲ್ಲಿ ಅಂಟು ತೇವ ಕುಡಿಯುತ್ತೆ, ಕಾಯಿಲೆಯೇ ಬೇರೆ. ನಮ್ಮ ಸಾಮಾನ್ಯ ಕ್ಯಾಸೆಟ್ಟಿಗೆ ಈ ಔಷಧಿ ಬೇಡ.

ನಿಜವಾದ ತೊಂದರೆ ಸದ್ದಿನಲ್ಲಿರುವ ಹಳ್ಳ. ಟೇಪಿನ ಮೇಲೆ ಆಟ ಇರೋದು ಸದ್ದಿನ ರೂಪದ ಸೊನ್ನೆ, ಒಂದುಗಳಾಗಿ. ಅವಕ್ಕೇ ಬಿಟ್ ಅನ್ನೋದು, ಎಂಟು ಬಿಟ್ ಸೇರಿದರೆ ಒಂದು ಬೈಟ್. ಸ್ಪೆಕ್ಟ್ರಮ್ಮಿನಲ್ಲಿ ಸೊನ್ನೆ ಅಂದರೆ ಸುಮಾರು 244 ಮೈಕ್ರೊಸೆಕೆಂಡಿನ ಎರಡು ಪಲ್ಸ್, ಅಂದರೆ ಸದ್ದಿನ ಎರಡು ಮಿಡಿತ. ಒಂದು ಅಂದರೆ ಅದರ ದುಪ್ಪಟ್ಟು. ಲೇಪನ ಸ್ವಲ್ಪ ಉದುರಿದ ಜಾಗದಲ್ಲಿ ಒಂದು ಪಲ್ಸ್ ಕಾಣೆಯಾದರೆ ಸಾಕು, ಅಲ್ಲಿಂದ ಮುಂದಿನ ಬಿಟ್ಟುಗಳೆಲ್ಲ ಒಂದು ಮನೆ ಸರಿಯುತ್ತವೆ. ಗುಂಡಿ ತಪ್ಪಿಸಿ ಹಾಕಿದ ಅಂಗಿ ಹಾಗೆ ಕೆಳಗಿನವರೆಗೂ ತಪ್ಪು. ಪರದೆಯ ಕೆಳಗೆ 'ಆರ್ ಟೇಪ್ ಲೋಡಿಂಗ್ ಎರರ್, 0:1' ಅಂತ ಬರುತ್ತೆ. ಆ ಸಾಲನ್ನು ಎಷ್ಟು ನೂರು ಸಲ ನೋಡಿದ್ದೇನೋ.

ಎಲ್ಲರೂ ಮಾಡುವುದು ಸದ್ದನ್ನು ಸರಿಮಾಡೋದು. ನಾನೂ ಮೊದಲು ಅದೇ ದಾರಿ ಹಿಡಿದೆ. ಫಿಲ್ಟರ್ ಹಾಕಿದೆ, ಜೋರು ಮಾಡಿದೆ, ಎರಡು ಸಲ ನುಡಿಸಿದ್ದನ್ನು ಒಂದರ ಮೇಲೊಂದು ಕೂಡಿಸಿ ನೋಡಿದೆ. ಟೇಪಿನ ವೇಗ ಪ್ರತಿ ಸಲವೂ ಸ್ವಲ್ಪ ಓಲಾಡುತ್ತೆ, ಅಲೆಗಳು ಕೂಡಲೇ ಇಲ್ಲ. ಆರು ತಿಂಗಳು ದಂಡವಾಯ್ತು. "ಏನ್ರೀ, ಮತ್ತೆ ಆ ಕಿರ್ರ್ ಸದ್ದು ಶುರು ಮಾಡಿದ್ರಾ? ಮಗಳಿಗೆ ನಾಳೆ ಪರೀಕ್ಷೆ ಇದೆ" ಅಂತ ಹೆಂಡತಿ ಬಾಗಿಲಿಗೆ ಬಂದು ಹೇಳಿದ ಮೇಲೆ ಹೆಡ್‌ಫೋನ್ ಕೊಂಡೆ. ಅದು 30 ಪೌಂಡ್.

ನನಗೆ ಹೊಳೆದ ದಾರಿ ಇದು. ಸದ್ದನ್ನು ಕೂಡಿಸಬೇಡಿ, ಬಿಟ್ಟುಗಳನ್ನು ಕೂಡಿಸಿ. ಒಂದೇ ಟೇಪನ್ನು ಎಂಟೊಂಬತ್ತು ಸಲ ನುಡಿಸಿ, ಪ್ರತಿ ಸಲ ಹೆಡ್ಡಿನ ಆ ಸ್ಕ್ರೂವನ್ನು ಕೂದಲೆಳೆಯಷ್ಟು ಬದಲಿಸಿ, ಎಡ ಬಲ ಚಾನೆಲ್ ಬೇರೆ ಬೇರೆ ರೆಕಾರ್ಡ್ ಮಾಡಿ. ಮೊನೊ ಟೇಪನ್ನು ಸ್ಟೀರಿಯೊ ಹೆಡ್ಡಿನಲ್ಲಿ ಓದಿದರೆ ಪಟ್ಟಿಯ ಎರಡು ಅಂಚಿನಿಂದ ಎರಡು ಪ್ರತಿ ಸಿಕ್ಕ ಹಾಗೆ. ಒಂದು ಅಂಚು ಸವೆದಿದ್ದರೂ ಇನ್ನೊಂದು ಚೆನ್ನಾಗಿರುತ್ತೆ. ಆಮೇಲೆ ಪ್ರತಿ ರೆಕಾರ್ಡಿಂಗನ್ನೂ ಬೇರೆಬೇರೆಯಾಗಿ ಬಿಟ್ಟುಗಳ ಸಾಲಾಗಿ ಮಾಡಿ, ಪ್ರತಿ ಬಿಟ್ಟಿಗೂ ಅದು ಎಷ್ಟು ಗಟ್ಟಿ ಅನ್ನುವ ಅಂಕ ಕೊಡಿ. ಪಲ್ಸ್ ಉದ್ದ 366 ಮೈಕ್ರೊಸೆಕೆಂಡಿನ ಹತ್ತಿರ ಬಂದರೆ ಅದು ಸೊನ್ನೆಯೋ ಒಂದೋ ಗೊತ್ತಾಗಲ್ಲ, ಅಂಕ ಕಡಿಮೆ. ಕೊನೆಗೆ ಹದಿನಾರು ಹದಿನೆಂಟು ಸಾಲುಗಳನ್ನು ಪಕ್ಕಪಕ್ಕ ಇಟ್ಟು, ಜಾರಿದ ಜಾಗ ಹುಡುಕಿ, ಸರಿಸಿ, ವೋಟು ಹಾಕಿಸಬೇಕು, ಹೆಚ್ಚು ಸಾಲುಗಳು ಹೇಳಿದ್ದೇ ಸರಿ ಅಂತ.

ಇದಕ್ಕೆ ಬಂದ ಆಕ್ಷೇಪ ಎರಡು. ಹಳ್ಳ ಬಿದ್ದ ಕಡೆ ಎಷ್ಟು ಸಲ ನುಡಿಸಿದರೂ ಅದೇ ತಪ್ಪು ಬರುತ್ತೆ ಅಂದರು. ಬರಲ್ಲ. ಹೆಡ್ಡಿನ ಕೋನ ಬದಲಾದರೆ, ಪ್ಯಾಡಿನ ಒತ್ತಡ ಬದಲಾದರೆ ತಪ್ಪು ಬೇರೆ ಕಡೆ ಬೀಳುತ್ತೆ. ನನ್ನ ಲೆಕ್ಕದಲ್ಲಿ ಹತ್ತರಲ್ಲಿ ಏಳೆಂಟು ಹಳ್ಳ ಹೀಗೆ ತುಂಬಿದವು. ಎರಡನೇದು, ಬೇರೆ ಟೇಪಿನಿಂದ ತಂದು ಸೇರಿಸುತ್ತೀಯ, ಅದು ಮೋಸ ಅಂದರು. ಒಂದು ಬಿಟ್ಟನ್ನೂ ಬೇರೆ ಟೇಪಿನಿಂದ ಸಾಲ ತಂದಿಲ್ಲ. ವೋಟು ಹಾಕುವವರೆಲ್ಲ ಒಂದೇ ಟೇಪಿನವರು. ಸಿಗದ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಸಾಲುಗಳು ಜಾರಿದ್ದು ಎಲ್ಲಿ ಅಂತ ಹಿಡಿಯಲು ಒಂದು ಉಪಾಯ ಇದೆ. ಅದನ್ನು ಇನ್ನೂ ತಿದ್ದುತ್ತಿದ್ದೇನೆ, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಒಮ್ಮೆ ಗೆದ್ದೆ ಅಂದುಕೊಂಡು ಮೋಸ ಹೋದೆ. ಪ್ರತಿ ಬ್ಲಾಕಿನ, ಅಂದರೆ ಬೈಟುಗಳ ಕಂತೆಯ, ಕೊನೆಗೆ ತಪ್ಪು ಹಿಡಿಯಲು ಒಂದೇ ಒಂದು ಬೈಟಿನ ಚೆಕ್‌ಸಮ್ ಇರುತ್ತೆ, ಕಂತೆಯ ಬೈಟುಗಳನ್ನೆಲ್ಲ ಎಕ್ಸ್‌ಆರ್ ಅನ್ನುವ ಲೆಕ್ಕದಲ್ಲಿ ಬಿಟ್ಟಿಗೆ ಬಿಟ್ಟು ಸೇರಿಸಿದ್ದು. ಅದು ಸರಿ ಬಂತು. ಆಟವೂ ಲೋಡ್ ಆಯ್ತು. ಎರಡನೇ ಗುಹೆಗೆ (ಈ ಆಟದ ಒಂದೊಂದು ಹಂತವೂ ಒಂದು ಗುಹೆ) ಹೋದರೆ ನೆಲದ ಒಂದು ತುಂಡಿನ ಜಾಗದಲ್ಲಿ ಕಸದ ಚುಕ್ಕೆಗಳು. ಎರಡು ಬೈಟುಗಳಲ್ಲಿ ಒಂದೇ ಸ್ಥಾನದ ಬಿಟ್ಟು ತಪ್ಪಾಗಿದ್ದರೆ ಎಕ್ಸ್‌ಆರಿನಲ್ಲಿ ಒಂದನ್ನೊಂದು ಹೊಡೆದು ಹಾಕುತ್ತವೆ. ಮೂರು ವಾರ ಹುಡುಕಿ ಎರಡನೇ ತಪ್ಪನ್ನೂ ಹಿಡಿದೆ. ಅವತ್ತಿನಿಂದ ಬರೀ ಚೆಕ್‌ಸಮ್ ನಂಬೋದು ಬಿಟ್ಟೆ. ಅಂಕ ಕಡಿಮೆ ಇರುವ ಬಿಟ್ಟುಗಳನ್ನೆಲ್ಲ ಕಣ್ಣಾರೆ ನೋಡುತ್ತೇನೆ.

ಇದೇ ಉಪಾಯವನ್ನು ಸ್ಪೆಕ್ಟ್ರಮ್ಮಿಗಿಂತ ಹಿಂದಿನ ಜೆಡ್‌ಎಕ್ಸ್81 ಕಂಪ್ಯೂಟರಿನ ಟೇಪಿಗೂ ಹಾಕಿದೆ. ಡಾನ್ ಪ್ರೀಸ್ಟ್ಲಿ ಬರೆದ ಮೇಜಾಗ್ಸ್ ಅನ್ನುವ ಆಟ, 1982ರದ್ದು, ಅದೂ ಬಗ್-ಬೈಟಿನದೇ. ಆ ಮೆಷಿನ್ನಿನ ಟೇಪಿನಲ್ಲಿ ಚೆಕ್‌ಸಮ್ಮೇ ಇಲ್ಲ. ಸೊನ್ನೆಗೆ ನಾಲ್ಕು ಪಲ್ಸ್, ಒಂದಕ್ಕೆ ಒಂಬತ್ತು. ಸರಿಯೋ ತಪ್ಪೋ ಹೇಳುವವರು ಯಾರೂ ಇಲ್ಲ, ವೋಟೇ ಗತಿ. ಹತ್ತನೇ ಸಲಕ್ಕೆ ಬಂತು. ಅದೇ ಕಾಲದ ಇನ್ನೊಂದು ಕಂಪ್ಯೂಟರ್ ಬಿಬಿಸಿ ಮೈಕ್ರೊದ ಟೇಪುಗಳು ಇದಕ್ಕಿಂತ ಎಷ್ಟೋ ಸಲೀಸು. 256 ಬೈಟಿಗೊಂದು ಬ್ಲಾಕು, ಪ್ರತಿಯೊಂದಕ್ಕೂ ಸಿಆರ್‌ಸಿ, ಚೆಕ್‌ಸಮ್ಮಿಗಿಂತ ಗಟ್ಟಿಯಾದ ಪರೀಕ್ಷೆ. ತಪ್ಪಿದರೆ ಸ್ವಲ್ಪ ಹಿಂದೆ ಸುತ್ತಿದರೆ ಸಾಕು. ಎಂಬತ್ತರ ದಶಕದಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಕೊಟ್ಟ ಸರ್ಕಾರದ ಕ್ಲಾಸ್ ಯೋಜನೆಯಲ್ಲಿ ನಮ್ಮ ಹೈಸ್ಕೂಲಿಗೆ ಬಂದಿದ್ದೂ ಬಿಬಿಸಿ ಮೈಕ್ರೊನೇ. ನಾನು ಮೊದಲು ಮುಟ್ಟಿದ ಕಂಪ್ಯೂಟರ್ ಅದು. ಚಪ್ಪಲಿ ಹೊರಗೆ ಬಿಟ್ಟು ಹೋಗ್ತಿದ್ವಿ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ನನ್ನ ಹತ್ತಿರ ಮ್ಯಾನಿಕ್ ಮೈನರಿನ ಬಗ್-ಬೈಟ್ ಟೇಪುಗಳೂ ಇವೆ, ಆಮೇಲೆ ಸಾಫ್ಟ್‌ವೇರ್ ಪ್ರಾಜೆಕ್ಟ್ಸ್ ಹೊರತಂದವೂ ಇವೆ. ಆಟ ಬರೆದ ಮ್ಯಾಥ್ಯೂ ಸ್ಮಿತ್‌ಗೆ ಆಗ ಹದಿನೇಳು ವರ್ಷ. ಎಂಟು ವಾರದಲ್ಲಿ, ಟಿಆರ್‌ಎಸ್-80 ಅನ್ನುವ ಬೇರೆ ಕಂಪ್ಯೂಟರ್ ಇಟ್ಟುಕೊಂಡು ಬರೆದದ್ದು. ಬಗ್-ಬೈಟಿನ ನೌಕರನಾಗಿರಲಿಲ್ಲ, ಕಂಟ್ರಾಕ್ಟಿನಲ್ಲಿ ಬಿಟ್ಟುಹೋದ ಒಂದು ಮಾತಿನಿಂದ ಆಟದ ಹಕ್ಕು ಆತನ ಜತೆಗೇ ಹೋಯ್ತು. ಸಾಫ್ಟ್‌ವೇರ್ ಪ್ರಾಜೆಕ್ಟ್ಸ್ ಆತ ಸೇರಿ ಕಟ್ಟಿದ ಕಂಪನಿ.

ಇದು ಎಲ್ಲರಿಗೂ ಗೊತ್ತಿರುವ ಕಥೆ. ನಾನು ಎರಡೂ ಟೇಪಿನ ಬೈಟುಗಳನ್ನು ಅಕ್ಕಪಕ್ಕ ಇಟ್ಟು, ವ್ಯತ್ಯಾಸ ಇದ್ದ ಕಡೆ ಮಾತ್ರ ಕೆಂಪು ಬಣ್ಣ ಹಚ್ಚಿಸಿದೆ. ಒಂದು ಗುಹೆಗೆ 1024 ಬೈಟ್, ಒಟ್ಟು 20 ಗುಹೆ. ಬಹುಪಾಲು ಒಂದೇ ಥರ. ಹದಿನೇಳನೇ ಗುಹೆ ವೇರ್‌ಹೌಸಿನಲ್ಲಿ ಕೆಂಪು. ಹಳೇ ಟೇಪಿನಲ್ಲಿ ಮೇಲೆ ಕೆಳಗೆ ಓಡಾಡುತ್ತಿದ್ದ ಒಕ್ಕಣೆ ಯಂತ್ರಗಳ ಜಾಗದಲ್ಲಿ ಹೊಸ ಕಂಪನಿಯ ಗುರುತು, ಆ ತಿರುಚಿದ ತ್ರಿಕೋನ. ಹದಿನೆಂಟನೇದರಲ್ಲಿ ಮತ್ತೆ ಕೆಂಪು. 16 ಚುಕ್ಕೆ ಅಡ್ಡ, 16 ಚುಕ್ಕೆ ಉದ್ದದ ಚಿತ್ರ, 32 ಬೈಟ್. ಗ್ರಾಫ್ ಹಾಳೆ ತಗೊಂಡು ಚೌಕಗಳನ್ನು ಪೆನ್ಸಿಲಿನಲ್ಲಿ ತುಂಬುತ್ತಾ ಹೋದೆ. ಹಳೇದರಲ್ಲಿ ಕಾಲು ಇಳಿಬಿಟ್ಟ ಆಕ್ಟೋಪಸ್ ಥರದ ಪ್ರಾಣಿ. ಹೊಸದರಲ್ಲಿ ಎರಡೂ ಪಕ್ಕ ಪುಟ್ಟ ಕಾಲುಗಳು, ನಗುವ ಬಾಯಿ. ಬಗ್-ಬೈಟಿನ ಲೋಗೊದಲ್ಲಿರುವ ಅದೇ ನಗುವ ಹುಳ! ಬಿಟ್ಟು ಬಂದ ಕಂಪನಿಯನ್ನೇ ಆಟದೊಳಗೆ ಶತ್ರುವಾಗಿ ಓಡಾಡಿಸಿಬಿಟ್ಟಿದ್ದಾರೆ. ಬೇಕಾದ ಗುಹೆಗೆ ಹಾರಲು ಒತ್ತುವ ಚೀಟ್ ಕೋಡ್ ಕೂಡ 6031769 ಇದ್ದದ್ದು ಟೈಪ್‌ರೈಟರ್ ಅನ್ನುವ ಪದ ಆಗಿದೆ. ಇದನ್ನೆಲ್ಲ ಓದಿ ತಿಳಿದಿದ್ದೆ. ಆದರೂ ಬೂಷ್ಟು ಹಿಡಿದ ಟೇಪಿನಿಂದ ನಾನೇ ಎತ್ತಿದ ಬಿಟ್ಟುಗಳು ನನ್ನ ಹಾಳೆಯ ಮೇಲೆ ಹುಳವಾಗಿ ಮೂಡಿದಾಗ ಮಗಳನ್ನು ಎಬ್ಬಿಸಿ ತೋರಿಸಿದೆ. "ಅಪ್ಪ, ಇದು ನಗ್ತಾ ಇದೆ" ಅಂದಳು.

ಖರ್ಚು ಒಟ್ಟು 700 ಪೌಂಡ್ ಹತ್ತಿರ ಆಗಿದೆ. ಎರಡು ಡೆಕ್, ಅವುಗಳ ಬೆಲ್ಟು, ಒಂದು ಸ್ಪೆಕ್ಟ್ರಮ್ಮು, ಟೇಪುಗಳು, ಆ ಅಂಗಡಿಗೆ ಕೊಟ್ಟದ್ದು ಎಲ್ಲಾ ಸೇರಿ. ಆ ಇಪ್ಪತ್ತರಲ್ಲಿ ಹದಿನಾಲ್ಕು ಬಂದಿವೆ, ಮೂರು ಕೈಬಿಟ್ಟಿವೆ, ಉಳಿದವನ್ನು ಇನ್ನೂ ಮುಟ್ಟಿಲ್ಲ. ಅದರಲ್ಲಿ ಒಂದರ ಚೀಟಿ ಹರಿದಿದೆ, ಹಸಿರು ಶಾಯಿಯಲ್ಲಿ ಯಾರೋ 'ತಮ್ಮನಿಗೆ ಕೊಡಬೇಡ' ಅಂತ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಮುಂದಿನ ವಾರ ಅದರ ಚಿಪ್ಪು ಒಡೆಯುತ್ತೇನೆ.